ಅಳಿಯ ತಂದ ಮದ್ದು

ಪುತ್ತೂರಿನಿಂದ ನಿನ್ನೆ ರಾತ್ರಿ ಬಂದೆ. ಬಸ್ಸಿನಲ್ಲಿಯೇ ಬರೆದು ಮುಗಿಸಬೇಕೆಂದಿದ್ದೆ, ಶಿರಾಡಿ ಘಾಟಿಯ ತಿರುವುಗಳು ಬಿಡಲಿಲ್ಲ. ಬೆಳಗಾಗುವುದರೊಳಗೆ ಸಿಟ್ಟು ಆರಬಹುದೆಂದು ಕಾಫಿ ಕುಡಿದು ಕಾದು ನೋಡಿದೆ. ಆರಲಿಲ್ಲ. ಆದ್ದರಿಂದ ಓದಿ.

ನಮ್ಮ ಮಾವನನ್ನು ಇಲ್ಲಿನ ಹಳಬರು ಬಲ್ಲಿರಿ. ಮೈಲುತುತ್ತು, ಸುಣ್ಣ ಬೆರೆಸಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದು ಹೇಗೆಂದು, ಇಪ್ಪತ್ತೇಳು ವರ್ಷ ರಸಾಯನಶಾಸ್ತ್ರ ಕಲಿಸಿದ ನನಗೇ ಪಾಠ ಹೇಳಿ ಫೇಲು ಮಾಡಿದವರು. ಈಗ ಎಪ್ಪತ್ತಾರು. ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ, ರಕ್ತದೊತ್ತಡ ಅದಕ್ಕೂ ಹಿಂದಿನಿಂದ. ಮೊನ್ನೆ ಬೆಳಿಗ್ಗೆ ನೀರುದೋಸೆ ಮುಗಿಸಿ ಎರಡು ಮಾತ್ರೆ ನುಂಗಿದರು. ಆಮೇಲೆ ಸ್ಟೀಲಿನ ಡಬ್ಬಿ ತೆರೆದು ಕಪ್ಪು ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮುಖ ಕಿವುಚಿ ಅಗಿಯತೊಡಗಿದರು. ಬಾಲ್ಯದಲ್ಲಿ ಅಜ್ಜಿ ಕುಡಿಸುತ್ತಿದ್ದ ಹಾಳೆಮರದ ತೊಗಟೆಯ ಕಷಾಯ ನೆನಪಾಯಿತು. ಆಟಿ ಅಮಾವಾಸ್ಯೆಯ ದಿನ ನಾವೆಲ್ಲ ಮಾಡುತ್ತಿದ್ದ ಮುಖ ಅದೇ.

"ಇದೆಂತದು ಮಾವ?"

"ಮದ್ದು. ಅಳಿಯಂದಿರು ತಂದದ್ದು. ಹೃದಯಕ್ಕೆ ಒಳ್ಳೆಯದಂತೆ."

ಮದ್ದು ಬಂದ ಪೆಟ್ಟಿಗೆಯನ್ನು ಅತ್ತೆ ತೋರಿಸಿದರು. ಚಾಕೊಲೇಟ್! ಮುಚ್ಚಳದ ಮೇಲೆ ಕೆಂಪು ಹೃದಯ, ಅದರ ನಡುವೆ ಇಸಿಜಿಯ ಗೀಟು, ಕೆಳಗೆ ಚಿನ್ನದ ಅಕ್ಷರಗಳಲ್ಲಿ 'ಆಂಟಿಆಕ್ಸಿಡೆಂಟ್ ಸಮೃದ್ಧ'. ಹನ್ನೆರಡು ತುಂಡಿಗೆ 690 ರೂಪಾಯಿ. ಹಿಂದೆ ಇರುವೆಯ ಗಾತ್ರದ ಅಕ್ಷರದಲ್ಲಿ ನೂರು ಗ್ರಾಂಗೆ 28 ಗ್ರಾಂ ಸಕ್ಕರೆ. ಊಟದ ಕೊನೆಯಲ್ಲಿ ಒಂದೇ ಒಂದು ಬೆಲ್ಲದ ಚೂರು ತಿನ್ನುವ ಅಭ್ಯಾಸವನ್ನು ಹದಿನೈದು ವರ್ಷದ ಹಿಂದೆ ಬಿಟ್ಟ ಮನುಷ್ಯ, ಈಗ ದಿನಾ ಬೆಳಿಗ್ಗೆ ಸಕ್ಕರೆ ಹಾಕಿದ ತಿಂಡಿಯನ್ನು ಮದ್ದೆಂದು, ಅದೂ ಸಂತೋಷವಿಲ್ಲದೆ, ತಿನ್ನುತ್ತಿದ್ದಾರೆ. ಅಳಿಯ ತಂದದ್ದನ್ನು ಬೇಡವೆನ್ನಲು ಯಾವ ಮಾವನಿಗೆ ಬಾಯಿ ಬಂದೀತು? (ಅಳಿಯಂದಿರೂ ನನ್ನ ಸ್ನೇಹಿತರ ಪಟ್ಟಿಯಲ್ಲಿದ್ದಾರೆ. ಓದಲಿ. ನಿಮ್ಮ ಮೇಲೆ ಸಿಟ್ಟಿಲ್ಲ, ನಿಮ್ಮ ಪೆಟ್ಟಿಗೆಯ ಮೇಲೆ ಸಿಟ್ಟು.)

ತಮಾಷೆ ಏನೆಂದರೆ, ಮಾವ ಕುಳಿತಿದ್ದ ಜಗಲಿಯಿಂದ ಹತ್ತು ಹೆಜ್ಜೆ ಇಳಿದರೆ ಅಡಿಕೆ ಮರಗಳ ನಡುವೆ ಅವರದೇ ಕೊಕ್ಕೊ ಗಿಡಗಳಿವೆ. ಎಪ್ಪತ್ತರ ದಶಕದಲ್ಲಿ ಕಂಪನಿಯವರು ಹುರಿದುಂಬಿಸಿ ನೆಡಿಸಿದ್ದು. ಎಂಬತ್ತರ ಹೊತ್ತಿಗೆ ಬೆಲೆ ಬಿದ್ದು ಕೊಳ್ಳುವವರೇ ಇಲ್ಲದಾದಾಗ ಅರ್ಧ ಗಿಡಗಳನ್ನು ಕಡಿದು ಒಲೆಗೆ ಹಾಕಿದರು. ಆಮೇಲೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಬಂತು, ಉಳಿದರ್ಧ ಬದುಕಿಕೊಂಡಿತು. 2024ರಲ್ಲಿ ಜಾಗತಿಕ ಪೇಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿದಾಗ, ಕಡಿದ ಅರ್ಧವನ್ನು ನೆನೆದು ಮಾವ ಒಂದು ವಾರ ಸರಿಯಾಗಿ ಮಾತಾಡಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವರಿಗೆ ಕೊಕ್ಕೊ ಎಂದರೆ ಅಳಿಲು ಕೊರೆದದ್ದು, ಮಂಗ ಕೆಡವಿದ್ದು, ಮಳೆಗಾಲದಲ್ಲಿ ಕಾಯಿ ಕೊಳೆತದ್ದು, ಹಸಿ ಬೀಜದ ಇಂದಿನ ದರ. ನಮಗೆ ಮಕ್ಕಳಿಗೆ ಅದು ಬೀಜದ ಸುತ್ತಲಿನ ಬಿಳಿ ಲೋಳೆಯನ್ನು ಚೀಪಿ ಬೀಜವನ್ನು ಒಬ್ಬರ ಮೇಲೊಬ್ಬರು ಉಗಿಯುವ ಆಟ. ಅದು ಹೃದಯದ ಮದ್ದೆಂದು ಆ ತೋಟದಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಸಲು ಬೆಂಗಳೂರಿನಿಂದ ಪೆಟ್ಟಿಗೆ ಬರಬೇಕಾಯಿತು.

ನನ್ನ ತಕರಾರು ಒಂದೇ. ಸಿಹಿಯನ್ನು ಸಿಹಿಯೆಂದು ಮಾರಿ, ಸಿಹಿಯೆಂದು ತಿನ್ನಿ. ಅದಕ್ಕೆ ಬಿಳಿ ಕೋಟು ತೊಡಿಸಬೇಡಿ.

'ಆಂಟಿಆಕ್ಸಿಡೆಂಟ್' ಎಂಬ ಪದದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ನನ್ನ ವಿಷಯದಿಂದ ಕದ್ದ ಮಾಲು. ಪ್ರನಾಳದಲ್ಲಿ ಒಂದು ವಸ್ತು, ಸಿಕ್ಕಿದ್ದರ ಮೇಲೆಲ್ಲ ಎರಗುವ ಚುರುಕು ಕಣಗಳಾದ ಮುಕ್ತ ರಾಡಿಕಲ್‌ಗಳನ್ನು ತಣ್ಣಗೆ ಮಾಡಿದರೆ ಅದು ಆಂಟಿಆಕ್ಸಿಡೆಂಟ್. ಸರಿ. ಆದರೆ ಮಾವ ಪ್ರನಾಳವಲ್ಲ. ಕೊಕ್ಕೊದಲ್ಲಿರುವ ಆಂಟಿಆಕ್ಸಿಡೆಂಟ್ ವಸ್ತುಗಳಾದ ಫ್ಲೇವನಾಲ್‌ಗಳಲ್ಲಿ ಬಹುಪಾಲು ಕರುಳಿನಲ್ಲೇ ರೂಪ ಬದಲಿಸುತ್ತವೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಆ ಪೆಟ್ಟಿಗೆಯ ಹಿಂದೆ ಹೆಮ್ಮೆಯಿಂದ, ಪ್ರನಾಳದಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ 'ಒರ್ಯಾಕ್' ಅಂಕಿಯೊಂದನ್ನು ಮುದ್ರಿಸಿದ್ದರು, ಬೆರಿ ಹಣ್ಣಿಗಿಂತ ಇಷ್ಟು ಪಟ್ಟು ಹೆಚ್ಚು ಎಂದು. ಅಮೆರಿಕದ ಕೃಷಿ ಇಲಾಖೆ ತನ್ನ ಒರ್ಯಾಕ್ ಪಟ್ಟಿಯನ್ನು 2012ರಲ್ಲಿಯೇ ಜಾಲತಾಣದಿಂದ ತೆಗೆದುಹಾಕಿತು. ಆ ಅಂಕಿಗಳಿಗೂ ದೇಹದೊಳಗೆ ನಡೆಯುವುದಕ್ಕೂ ಸಂಬಂಧ ಕಾಣುತ್ತಿಲ್ಲ, ಕಂಪನಿಗಳು ಅವನ್ನು ದುರುಪಯೋಗ ಮಾಡುತ್ತಿವೆ ಎಂಬುದೇ ಕಾರಣ. ಸತ್ತ ಅಂಕಿಗೆ ನಮ್ಮಲ್ಲಿ ಇನ್ನೂ ಚಿನ್ನದ ಲೇಪ.

ಅಷ್ಟಕ್ಕೂ ಆಂಟಿಆಕ್ಸಿಡೆಂಟ್ ಎಂದ ಕೂಡಲೇ ಕೈಮುಗಿಯುವುದು ಯಾಕೆ? ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ದೊಡ್ಡ ಪ್ರಯೋಗ ನಡೆಯಿತು, 1994ರಲ್ಲಿ ಫಲಿತಾಂಶ ಬಂತು. ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅದೂ ಆಂಟಿಆಕ್ಸಿಡೆಂಟೇ.

ಇನ್ನೊಂದು ಮಾತು, ಹೇಳಿದರೆ ಊರಿನವರು ನನ್ನನ್ನು ತೋಟಕ್ಕೆ ಸೇರಿಸುವುದಿಲ್ಲ. ಕೊಕ್ಕೊದ ಹೀರೊ ಎನಿಸಿಕೊಂಡ ಎಪಿಕ್ಯಾಟೆಚಿನ್ ಎಂಬ ಫ್ಲೇವನಾಲ್ ಇದೆಯಲ್ಲ, ಅದು ಪಕ್ಕದ ಮರದ ಅಡಿಕೆಯಲ್ಲೂ ಇದೆ. ಅಡಿಕೆಯ ಒಗರೇ ಆ ಕುಟುಂಬದ್ದು. ಅದೇ ಮಣ್ಣು, ಅದೇ ಗೊಬ್ಬರ, ಅದೇ ಅಣು. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಕೊಕ್ಕೊಗೆ ಕೆಂಪು ಹೃದಯದ ಚಿತ್ರ ಸಿಕ್ಕಿದೆ. ಒಂದು ಅಣುವನ್ನು ಹಿಡಿದುಕೊಂಡು ಇಡೀ ವಸ್ತುವಿಗೆ ಪ್ರಮಾಣಪತ್ರ ಕೊಡಲು ಹೊರಟರೆ ಅಡಿಕೆಗೂ ಕೊಡಬೇಕಾಗುತ್ತದೆ. ಕೊಡುತ್ತೀರಾ?

ಈ ಕಥೆಗೆ ಬೀಜ ಬಿದ್ದದ್ದು ಪನಾಮಾದ ಸ್ಯಾನ್ ಬ್ಲಾಸ್ ದ್ವೀಪಗಳಲ್ಲಿ. ಅಲ್ಲಿನ ಕುನಾ ಜನರಿಗೆ ವಯಸ್ಸಾದರೂ ರಕ್ತದೊತ್ತಡ ಏರುವುದಿಲ್ಲ, ಪನಾಮಾ ನಗರಕ್ಕೆ ವಲಸೆ ಹೋದವರಿಗೆ ಏರುತ್ತದೆ ಎಂದು ಹಾರ್ವರ್ಡಿನ ನಾರ್ಮನ್ ಹಾಲೆನ್‌ಬರ್ಗ್ ತೊಂಬತ್ತರ ದಶಕದಲ್ಲಿ ಕಂಡರು. ದ್ವೀಪದವರು ದಿನಕ್ಕೆ ಹಲವು ಲೋಟ ಕೊಕ್ಕೊ ಕುಡಿಯುತ್ತಿದ್ದರು. ಸಂಶೋಧಕರಿಗೆ ಅದು ಒಳ್ಳೆಯ ಪ್ರಶ್ನೆ, ಅವರು ಪ್ರಶ್ನೆಯಾಗಿಯೇ ಬೆನ್ನುಹತ್ತಿದರು. ಚಾಕೊಲೇಟ್ ಕಂಪನಿ ಮಾರ್ಸ್ ಹಣ ಹಾಕಿತು, ಕೊಕ್ಕೊ ಕುಡಿದಾಗ ದೇಹದಲ್ಲಿ ಹೆಚ್ಚುವ ನೈಟ್ರಿಕ್ ಆಕ್ಸೈಡ್‌ನಿಂದ ರಕ್ತನಾಳ ಸಡಿಲಾಗುವ ವಿಚಾರ ಹೊರಬಂತು. ಗಮನಿಸಿ, ಅಲ್ಲಿ ಕೆಲಸ ಮಾಡುವುದು ನೈಟ್ರಿಕ್ ಆಕ್ಸೈಡ್, ಆಂಟಿಆಕ್ಸಿಡೆಂಟ್ ಗುಣವಲ್ಲ. ದ್ವೀಪದವರು ಮೀನು ತಿಂದು, ದೋಣಿ ಹುಟ್ಟುಹಾಕಿ, ನಗರದ ಗೋಜಿಲ್ಲದೆ ಬದುಕುತ್ತಿದ್ದರು ಎಂಬುದನ್ನು ಪೆಟ್ಟಿಗೆ ಮಾಡುವವರು ಮರೆತರು. ದೋಣಿಯನ್ನು 690 ರೂಪಾಯಿಗೆ ಮಾರಲಾಗುವುದಿಲ್ಲವಲ್ಲ.

ಕುನಾ ಲೋಟದಲ್ಲಿದ್ದದ್ದು ಮಾವನ ಡಬ್ಬಿಯಲ್ಲಿದೆಯೇ? ಕೊಕ್ಕೊ ಬೀಜವನ್ನು ಐದಾರು ದಿನ ಹುಳಿಬರಿಸಬೇಕು, ಒಣಗಿಸಬೇಕು, ಹುರಿಯಬೇಕು. ಪ್ರತಿ ಹಂತದಲ್ಲೂ ಫ್ಲೇವನಾಲ್ ಸೋರುತ್ತದೆ. ಫ್ಲೇವನಾಲ್ ಎಂದರೆ ಕಹಿ ಮತ್ತು ಒಗರು, ಯಾರಿಗೆ ಬೇಕು? ಅದಕ್ಕೇ ಹತ್ತೊಂಬತ್ತನೇ ಶತಮಾನದಲ್ಲಿ ಹಾಲೆಂಡಿನ ವಾನ್ ಹೌಟನ್ ಕೊಕ್ಕೊಗೆ ಕ್ಷಾರ ಬೆರೆಸಿ ಮೆತ್ತಗಾಗಿಸುವ ಉಪಾಯ ತಂದದ್ದು. ಹರ್ಷಿ ಎಂಬ ಚಾಕೊಲೇಟ್ ಕಂಪನಿಯ ಸಂಶೋಧಕರೇ 2008ರಲ್ಲಿ ಅಳೆದು ಪ್ರಕಟಿಸಿದ್ದಾರೆ: ಕ್ಷಾರ ತಾಗದ ಪುಡಿಯಲ್ಲಿ ಗ್ರಾಂಗೆ ಸುಮಾರು 35 ಮಿಲಿಗ್ರಾಂ ಫ್ಲೇವನಾಲ್, ಚೆನ್ನಾಗಿ ಕ್ಷಾರ ಕುಡಿಸಿದ ಪುಡಿಯಲ್ಲಿ 4ಕ್ಕೂ ಕಡಿಮೆ. ಬಣ್ಣ ಕಪ್ಪಾದಷ್ಟೂ ಒಳ್ಳೆಯದು ಎಂದು ನಂಬಿದವರೇ, ಆ ಕಪ್ಪು ಎಷ್ಟೋ ಸಲ ಕ್ಷಾರದ ಕೃಪೆ. ಇನ್ನು '70 ಪ್ರತಿಶತ ಕೊಕ್ಕೊ' ಎಂಬ ಮಂತ್ರ. ಅದು ಫ್ಲೇವನಾಲ್‌ನ ಲೆಕ್ಕವಲ್ಲ. ಬೀಜದಿಂದ ಬಂದದ್ದೆಲ್ಲದರ ಒಟ್ಟು ಲೆಕ್ಕ, ಕೊಕ್ಕೊ ಬೆಣ್ಣೆಯೂ ಅದರಲ್ಲೇ ಸೇರಿದೆ. ಅಂದರೆ ಮಾವ ಹೃದಯಕ್ಕೆಂದು ತಿನ್ನುತ್ತಿರುವುದರಲ್ಲಿ ನೂರಕ್ಕೆ ನಲವತ್ತರಷ್ಟು ಕೊಬ್ಬು.

ಇಷ್ಟು ಹೊತ್ತಿಗೆ ನನ್ನ ಡಾಕ್ಟರ್ ಗೆಳತಿ ಕೆಳಗೆ ಕಮೆಂಟು ಬರೆಯಲು ಬೆರಳು ಮಸೆಯುತ್ತಿರುತ್ತಾಳೆ. 'ಕಾಸ್ಮೋಸ್ ಪ್ರಯೋಗ ನೋಡಲಿಲ್ಲವೇ?' ಎಂದು. ನೋಡಿದ್ದೇನೆ ತಾಯಿ. ಕೊಕ್ಕೊ ಸಾರ ಹೃದ್ರೋಗ ತಡೆಯುತ್ತದೆಯೇ ಎಂದು ನೋಡಿದ ಪ್ರಯೋಗ ಅದು: 21,442 ಹಿರಿಯರು, ಸರಾಸರಿ ಮೂರೂವರೆ ವರ್ಷದ ಮೇಲೆ, 2022ರಲ್ಲಿ ಪ್ರಕಟಣೆ. ಹೃದಯಾಘಾತ, ಪಾರ್ಶ್ವವಾಯು ಮುಂತಾದವನ್ನೆಲ್ಲ ಕೂಡಿಸಿದ ಮುಖ್ಯ ಲೆಕ್ಕದಲ್ಲಿ ಖಚಿತವೆನ್ನುವಂಥ ಇಳಿಕೆ ಸಿಗಲಿಲ್ಲ. ಹೃದ್ರೋಗದ ಸಾವು ಮಾತ್ರ ಶೇಕಡಾ 27 ಕಡಿಮೆ ಎಂಬ ಉಪಲೆಕ್ಕ ಸಿಕ್ಕಿತು, ಪತ್ರಿಕೆಗಳು ಅದನ್ನೇ ಎತ್ತಿಕೊಂಡು ಕುಣಿದವು. ಒಪ್ಪಿದೆ, ಅದು ಕುತೂಹಲದ ಸಂಗತಿ. ಆದರೆ ಅವರು ಕೊಟ್ಟದ್ದು ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಇರುವ ಕ್ಯಾಪ್ಸೂಲು! ಒಬ್ಬನೇ ಒಬ್ಬ ಅಜ್ಜ ಒಂದು ತುಂಡು ಚಾಕೊಲೇಟನ್ನೂ ಪ್ರಯೋಗದ ಖರ್ಚಿನಲ್ಲಿ ತಿನ್ನಲಿಲ್ಲ, ಪಾಪ. ರಕ್ತದೊತ್ತಡದ್ದೂ ಕೇಳಿ: ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯಲ್ಲಿ ಇಳಿಕೆ ಎರಡು ಅಂಕಕ್ಕೂ ಕಡಿಮೆ. ಟಿವಿಯಲ್ಲಿ ಅಡಿಕೆ ಆಮದಿನ ಸುದ್ದಿ ಬಂದರೆ ಮಾವನದ್ದು ಅದರ ಹತ್ತು ಪಟ್ಟು ಏರುತ್ತದೆ. 2023ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ, ಫ್ಲೇವನಾಲ್ ಹೆಚ್ಚಿರುವ ವಿಶೇಷ ಕೊಕ್ಕೊ ಪುಡಿಗೆ ಮಾತ್ರ, 'ಪುರಾವೆ ಬಹಳ ಸೀಮಿತ' ಎಂಬ ಒಕ್ಕಣೆಯೊಂದಿಗೆ, ಹೃದಯದ ಹೆಸರೆತ್ತಲು ಬಿಟ್ಟಿತು. ಮಾಮೂಲಿ ಕೊಕ್ಕೊ ಪುಡಿಗೂ ಚಾಕೊಲೇಟಿಗೂ ಇಲ್ಲ. ಮುಗಿಯಿತು.

ಸುದ್ದಿ ಹುಟ್ಟುವ ರೀತಿಯಾದರೂ ಎಂಥದ್ದು! ಜಾನ್ ಬೊಹಾನನ್ ಎಂಬ ಪತ್ರಕರ್ತ 2015ರಲ್ಲಿ ಬೇಕೆಂದೇ ಒಂದು ಕಳಪೆ ಪ್ರಯೋಗ ಮಾಡಿದ. ಹದಿನೈದು ಜನ, ಹದಿನೆಂಟು ಬಗೆಯ ಅಳತೆ. ಹದಿನೆಂಟು ಗಾಳ ಬಿಟ್ಟರೆ ಒಂದಕ್ಕಾದರೂ ಮೀನು ಕಚ್ಚದೇ? ಕಚ್ಚಿತು: 'ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ'. ಯುರೋಪಿನಿಂದ ಹಿಡಿದು ನಮ್ಮ ದೇಶದವರೆಗೆ ಪತ್ರಿಕೆಗಳು ಅಚ್ಚುಹಾಕಿದವು. ಆಮೇಲೆ ತಾನೇ ಬಯಲು ಮಾಡಿದ. ಆ ಬಯಲು ಮಾಡಿದ ಸುದ್ದಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಇನ್ನೂ ತಲುಪಿಲ್ಲ. 2022ರ ಕೊನೆಯಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕ ಸಂಸ್ಥೆ ಅಮೆರಿಕದ 28 ಡಾರ್ಕ್ ಚಾಕೊಲೇಟುಗಳನ್ನು ಪರೀಕ್ಷಿಸಿದಾಗ, ದಿನಕ್ಕೊಂದು ಔನ್ಸ್ (ಸುಮಾರು 28 ಗ್ರಾಂ) ತಿಂದರೆ 23ರಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಕಳವಳ ಹುಟ್ಟಿಸುವ ಮಟ್ಟ ದಾಟುತ್ತಿತ್ತು ಎಂಬುದೂ ತಲುಪಿಲ್ಲ. ಕೆಂಪು ಹೃದಯ ಮಾತ್ರ ಅದೇ ದಿನ ತಲುಪುತ್ತದೆ.

ಇಷ್ಟೆಲ್ಲ ಅರಚುವ ನಾನು ಸಾಚಾ ಎಂದುಕೊಳ್ಳಬೇಡಿ. ಎರಡು ವರ್ಷ ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ, ಇಂಥದ್ದೇ ಪೆಟ್ಟಿಗೆ ಇತ್ತು. ರಾತ್ರಿ ಎರಡು ತುಂಡು. ಯಜಮಾನರು ಕೇಳಿದರೆ 'ರಕ್ತನಾಳಕ್ಕೆ' ಎನ್ನುತ್ತಿದ್ದೆ. ಎರಡು ಮೂರಾಯಿತು, ಪರೀಕ್ಷೆಯ ಉತ್ತರಪತ್ರಿಕೆಗಳ ಕಾಲದಲ್ಲಿ ಐದಾಯಿತು. ಮಗ ಕೇಳಿದಾಗ 'ಇದು ದೊಡ್ಡವರ ಔಷಧಿ, ಕಹಿ' ಎಂದು ಸುಳ್ಳು ಹೇಳಿದ್ದೇನೆ, ಹೆತ್ತ ಮಗನಿಗೆ! ಆಸೆಯಿಂದ ತಿನ್ನುತ್ತಿದ್ದೇನೆ ಎಂದು ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಐವತ್ತು ದಾಟಿದ ಹೆಂಗಸು ಬಾಯಿಚಪಲಕ್ಕೆ ಸಿಹಿ ತಿನ್ನುವುದಕ್ಕೂ ಎಪಿಕ್ಯಾಟೆಚಿನ್ನಿನ ಸಾಕ್ಷಿ ಬೇಕಾಗಿತ್ತು. ಆ ಕಂಪನಿಯವರು ಮಾರುತ್ತಿರುವುದು ಚಾಕೊಲೇಟನ್ನಲ್ಲ, ಈ ನಾಚಿಕೆಗೊಂದು ಹೊದಿಕೆಯನ್ನು. ಅದನ್ನು ನಾನು ಬಿಲ್ಲು ಕಟ್ಟಿ ಕೊಂಡಿದ್ದೇನೆ. ನನ್ನ ಸಿಟ್ಟಿನಲ್ಲಿ ಕಾಲುಭಾಗ ನನ್ನ ಮೇಲಿನದ್ದೇ ಇರಬಹುದು.

ನಿನ್ನೆ ಮಧ್ಯಾಹ್ನ ಇದನ್ನೆಲ್ಲ ಮಾವನಿಗೆ ಹೇಳಿದೆ, ಕ್ಷಾರದಿಂದ ಹಿಡಿದು ಕ್ಯಾಪ್ಸೂಲಿನವರೆಗೆ. ಅವರು ಜಗಲಿಯ ಕಂಬಕ್ಕೆ ಒರಗಿ ಪೂರ್ತಿ ಕೇಳಿದರು. ಪೆಟ್ಟಿಗೆಯ ಬೆಲೆ ಕೇಳಿ, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಹಸಿ ಬೀಜದ ದರ ಬರೆದು ಏನೋ ಭಾಗಾಕಾರ ಮಾಡಿ, ಉತ್ತರವನ್ನು ನನಗೆ ತೋರಿಸದೆ ನಕ್ಕರು.

"ಹಾಗಾದರೆ ಇದು ಮದ್ದಲ್ಲ?"

"ಅಲ್ಲ ಮಾವ."

"ಬರೇ ಮಿಠಾಯಿ?"

"ಬರೇ ಮಿಠಾಯಿ."

ಡಬ್ಬಿ ತೆರೆದು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಈ ಸಲ ಕಣ್ಣು ಮುಚ್ಚಲಿಲ್ಲ, ಮುಖವನ್ನೂ ಕಿವುಚಲಿಲ್ಲ. ನಿಧಾನವಾಗಿ ಚೀಪಿದರು. "ಮಾರಾಯ್ತಿ, ರುಚಿ ಉಂಟಲ್ಲ ಇದು!" ಎಂದು ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಒಳಗಿನಿಂದ ಬಂದ ಅತ್ತೆ ಡಬ್ಬಿ ಕಿತ್ತುಕೊಂಡರು. "ಮದ್ದಲ್ಲವೆಂದರೆ ನಿಮಗೆ ಯಾಕೆ? ಸಕ್ಕರೆ ಎಷ್ಟುಂಟು ಎಂದು ಮೊನ್ನೆ ನೋಡಿದ್ದೀರಲ್ಲ" ಎಂದು ಅದನ್ನು ಅಕ್ಕಿಯ ಡ್ರಮ್ಮಿನೊಳಗೆ ಹೂತಿಟ್ಟು ಬಂದರು. ಸಂಜೆ ನಾನು ಬಸ್ಸಿಗೆ ಹೊರಡುವವರೆಗೂ ಮಾವ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.