ಓಟು ಊರಲ್ಲಿದೆ, ಮನೆ ಬೆಂಗಳೂರಿನಲ್ಲಿದೆ

2015ರ ಆಗಸ್ಟ್ 22, ಶನಿವಾರ. ನಮ್ಮ ಬೀದಿಯ ಕೊನೆಯಲ್ಲಿದ್ದ ಸರ್ಕಾರಿ ಶಾಲೆಯಲ್ಲಿ ಪಾಲಿಕೆ ಚುನಾವಣೆಯ ಮತಗಟ್ಟೆ ತೆರೆದಿತ್ತು. ಮನೆಯ ಮಾಲೀಕರು ದಂಪತಿ ಸಮೇತ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದರು. ಮೇಲಿನ ಮಹಡಿಯಲ್ಲಿ ಆರು ವರ್ಷಗಳಿಂದ ಬಾಡಿಗೆಗಿದ್ದ ನಾನು ಮಾತ್ರ ಮನೆಯಲ್ಲೇ ಉಳಿದೆ. ನನ್ನ ಓಟು ಅರಸೀಕೆರೆ ತಾಲ್ಲೂಕಿನ ನಮ್ಮೂರಿನಲ್ಲಿತ್ತು. ಮಳೆ ಬಂದಾಗ ನನ್ನ ಮೆಟ್ಟಿಲವರೆಗೂ ನೀರು ನುಗ್ಗಿಸುತ್ತಿದ್ದ ಮೋರಿ ಈ ವಾರ್ಡಿನದ್ದು, ಎರಡು ದಿನಕ್ಕೊಮ್ಮೆ ಬರುತ್ತಿದ್ದ ನೀರು ಈ ವಾರ್ಡಿನದ್ದು, ಆದರೆ ಅವುಗಳ ಬಗ್ಗೆ ಕೇಳಬೇಕಾದ ಸದಸ್ಯರನ್ನು ಆರಿಸುವ ದಿನ ನಾನು ಈ ವಾರ್ಡಿನವನಾಗಿರಲಿಲ್ಲ. ಆ ಬೆಳಗಿನ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ, ಆದ್ದರಿಂದಲೇ ಈ ಬರಹ.

ಬೆಂಗಳೂರಿನಲ್ಲಿ ಬಾಡಿಗೆಗಿರುವವರನ್ನು ಮಾತನಾಡಿಸಿದರೆ "ನಮ್ಮ ಓಟು ಊರಲ್ಲಿದೆ" ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಇದರ ಹಿಂದೆ ಉದಾಸೀನಕ್ಕಿಂತ ಹೆಚ್ಚಾಗಿ ಭಯವಿದೆ ಎಂಬುದು ನನ್ನ ಅನುಭವ. ಪಟ್ಟಿಯಿಂದ ಹೆಸರು ಹೋದರೆ ಜಮೀನಿನಲ್ಲಿ ಪಾಲು ಹೋಗುತ್ತದೆ, ರೇಷನ್ ಕಾರ್ಡಿಗೆ ತೊಂದರೆಯಾಗುತ್ತದೆ, ಊರಿನವರು "ಇವರು ನಮ್ಮವರಲ್ಲ" ಎನ್ನುತ್ತಾರೆ ಎಂದು ನಮ್ಮ ತಾಯಿ ಕೂಡ ನಂಬಿದ್ದರು. ಆಸ್ತಿಯ ಹಕ್ಕು ಪಹಣಿಯಲ್ಲಿ ಮತ್ತು ವಾರಸುದಾರಿಕೆಯಲ್ಲಿ ಇರುತ್ತದೆಯೇ ಹೊರತು ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಪಡಿತರವನ್ನಂತೂ ಈಗ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಪಡೆಯಬಹುದು. ಮೂರನೆಯ ಭಯಕ್ಕೆ ನನ್ನ ಬಳಿ ಕಾನೂನಿನ ಉತ್ತರವಿಲ್ಲ. ಜಾತ್ರೆಗೆ, ಹಬ್ಬಕ್ಕೆ, ಸಾವಿಗೆ ಹೋಗುವವರನ್ನು ನಮ್ಮೂರು ಎಂದೂ ಹೊರಗಿನವರೆಂದು ಕಂಡಿಲ್ಲ ಎಂದಷ್ಟೇ ಹೇಳಬಲ್ಲೆ.

1950ರ ಪ್ರಜಾಪ್ರತಿನಿಧಿ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಬ್ಬರ ಹೆಸರು ಅವರು ಸಾಮಾನ್ಯವಾಗಿ ವಾಸಿಸುವ ಕ್ಷೇತ್ರದ ಪಟ್ಟಿಯಲ್ಲಿ ಇರಬೇಕು; ಒಂದು ಊರಿನಲ್ಲಿ ಸ್ವಂತ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿಯಾಗುವುದಿಲ್ಲ; ಎರಡು ಕಡೆ ಹೆಸರು ಇಟ್ಟುಕೊಳ್ಳುವಂತೆಯೂ ಇಲ್ಲ. ಗ್ರಾಮ ಪಂಚಾಯಿತಿಗೂ ನಗರ ಪಾಲಿಕೆಗೂ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರವಾಗಿರುವುದರಿಂದ, ಓಟನ್ನು ಇಲ್ಲಿಗೆ ತಂದವರು ಊರಿನ ಪಂಚಾಯಿತಿಯ ಓಟನ್ನು ಬಿಟ್ಟುಕೊಡಬೇಕಾಗುತ್ತದೆ. ಅದು ಸಣ್ಣ ಮಾತಲ್ಲವೆಂದು ನನಗೆ ಗೊತ್ತು. ನಮ್ಮ ಸೋದರಮಾವ ಪಂಚಾಯಿತಿಗೆ ನಿಂತ ವರ್ಷ ನಾನು ಮೆಜೆಸ್ಟಿಕ್‌ನಿಂದ ರಾತ್ರಿ ರೈಲಿನಲ್ಲಿ ನಿಂತುಕೊಂಡೇ ಹೋಗಿ ಓಟು ಹಾಕಿ ಬಂದವನು. ಆದರೂ ವರ್ಷದ ಮುನ್ನೂರೈವತ್ತು ದಿನ ಬದುಕುವ ಬೀದಿಯಲ್ಲಿ ನನಗೆ ಮಾತಿಲ್ಲದಿರುವುದು ಅದಕ್ಕಿಂತ ದೊಡ್ಡ ನಷ್ಟವೆಂದು ತೀರ್ಮಾನಿಸಿ ಕೊನೆಗೆ ಹೆಸರನ್ನು ವರ್ಗಾಯಿಸಿಕೊಂಡೆ.

ವರ್ಗಾವಣೆಯ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪು ಸಲಹೆ ಕೊಡುವವರು ಬಹಳ. ಹೊಸದಾಗಿ ಹೆಸರು ಸೇರಿಸುವವರಿಗೆ ನಮೂನೆ 6. ಈಗಾಗಲೇ ಬೇರೆ ಕಡೆ ಹೆಸರಿದ್ದು ಮನೆ ಬದಲಾಯಿಸಿದವರಿಗೆ ನಮೂನೆ 8. ಬೇರೆ ಕ್ಷೇತ್ರಕ್ಕೆ ಬಂದಿದ್ದರೂ 2022ರಿಂದ ಇದೇ ನಮೂನೆ. ಹಳೆಯ ಅಭ್ಯಾಸದಂತೆ ನಮೂನೆ 6 ತುಂಬಿದರೆ ಎರಡು ಕಡೆ ಹೆಸರು ಉಳಿಯುವ ಅಪಾಯವಿದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಅಥವಾ ಆಯೋಗದ ಮೊಬೈಲ್ ಆ್ಯಪ್‌ನಲ್ಲಿ ಅರ್ಜಿ ಹಾಕಬಹುದು; ಫೋನಿನಲ್ಲಿ ಕೇಳಬೇಕೆಂದರೆ 1950. ಹದಿನೆಂಟು ತುಂಬಲಿರುವ ಮಕ್ಕಳಿದ್ದರೆ, ಹದಿನೇಳು ದಾಟಿದ ಕೂಡಲೇ ಮುಂಗಡವಾಗಿ ಅರ್ಜಿ ಕೊಡಿಸಬಹುದು. ಈಗ ವರ್ಷಕ್ಕೆ ಒಂದಲ್ಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದರಂತೆ ನಾಲ್ಕು ಅರ್ಹತಾ ದಿನಾಂಕಗಳಿವೆ.

ಬಾಡಿಗೆದಾರರು ಎಡವುವುದು ವಿಳಾಸದ ದಾಖಲೆಯಲ್ಲಿ. ನಮೂನೆಯ ಪಟ್ಟಿಯಲ್ಲಿ ನೋಂದಾಯಿತ ಬಾಡಿಗೆ ಕರಾರು ಎಂದಿದೆ, ನಮ್ಮಲ್ಲಿರುವುದಾದರೋ ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಹನ್ನೊಂದು ತಿಂಗಳ ಕರಾರು. ನಾನು ಮೊದಲ ಸಲ ಅದನ್ನೇ ಹಾಕಿದೆ, ಅರ್ಜಿ ತಿರಸ್ಕೃತವಾಯಿತು. ಎರಡನೆಯ ಸಲ ಹೊಸ ವಿಳಾಸವಿದ್ದ ಬ್ಯಾಂಕ್ ಪಾಸ್‌ಬುಕ್ ಹಾಕಿದೆ, ಒಪ್ಪಿಗೆಯಾಯಿತು. ಆಧಾರ್, ಅಥವಾ ಒಂದು ವರ್ಷದಿಂದ ಅದೇ ವಿಳಾಸಕ್ಕೆ ಬರುತ್ತಿರುವ ಗ್ಯಾಸ್, ನೀರು, ವಿದ್ಯುತ್ ಬಿಲ್ ಕೂಡ ನಡೆಯುತ್ತದೆ. ಇನ್ನು ಮನೆಯೇ ಇಲ್ಲದವರ ಹೆಸರನ್ನೂ ಸೇರಿಸುವ ಕ್ರಮವಿದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅರ್ಜಿಯಲ್ಲಿ ಹೇಳಿದ ಜಾಗದಲ್ಲಿ ಆ ವ್ಯಕ್ತಿ ನಿಜವಾಗಿ ಮಲಗುತ್ತಾರೆಯೇ ಎಂದು ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ರಾತ್ರಿ ಹೊತ್ತು ಹೋಗಿ ನೋಡಬೇಕು, ಅಷ್ಟಾದರೆ ಕಾಗದವಿಲ್ಲದೆಯೇ ಹೆಸರು ಸೇರುತ್ತದೆ. ಈ ನಿಯಮವನ್ನು ಮೊದಲ ಸಲ ಓದಿದ ದಿನ ನನಗೆ ನಮ್ಮ ಗಣರಾಜ್ಯದ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತು.

ವಾರ್ಡಿನ ಓಟಿನಿಂದ ಏನಾಗುತ್ತದೆ ಎಂದು ಕೇಳುವವರು ಅದಿಲ್ಲದ ವರ್ಷಗಳನ್ನು ನೆನಪಿಸಿಕೊಳ್ಳಬೇಕು. 2015ರಲ್ಲಿ ಆಯ್ಕೆಯಾದ 198 ವಾರ್ಡ್‌ಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಈ ಮಹಾನಗರ ಚುನಾಯಿತ ಸದಸ್ಯರೇ ಇಲ್ಲದೆ ನಡೆಯಿತು. ಆ ಅವಧಿಯಲ್ಲಿ ನಮ್ಮ ಮೋರಿಯ ಹೂಳಿನ ಬಗ್ಗೆ ನಾನು ಮೂರು ಎಂಜಿನಿಯರುಗಳನ್ನು ಕಂಡೆ. ಒಬ್ಬರು ವರ್ಗವಾದರು, ಇನ್ನೊಬ್ಬರು ತಮ್ಮ ವ್ಯಾಪ್ತಿಯಲ್ಲ ಎಂದರು, ಮತ್ತೊಬ್ಬರು ಸಜ್ಜನರು, ಆದರೆ ಅವರ ಬಳಿ ಅನುದಾನವಿರಲಿಲ್ಲ. ಇವರಲ್ಲಿ ಯಾರೂ ಮತ ಕೇಳಿಕೊಂಡು ನಮ್ಮ ಬಾಗಿಲಿಗೆ ಮತ್ತೆ ಬರಬೇಕಾದವರಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ ಎಂದು ಐದು ಪಾಲಿಕೆಗಳಾದವು, ವಾರ್ಡ್‌ಗಳ ಸಂಖ್ಯೆ ಒಟ್ಟು 369ಕ್ಕೆ ಏರಿತು. ವಾರ್ಡು ಚಿಕ್ಕದಾದಷ್ಟೂ ಒಂದೊಂದು ಓಟಿನ ತೂಕ ಹೆಚ್ಚು. ನಮ್ಮ ಬೀದಿಯ ಬಾಡಿಗೆದಾರರೆಲ್ಲ ಒಟ್ಟಾದರೆ ಗೆಲುವು ಸೋಲನ್ನೇ ತೂಗಬಲ್ಲರು. ಆದ್ದರಿಂದ ನಿಮ್ಮ ಮನೆ ಈಗ ಯಾವ ಪಾಲಿಕೆಯ ಯಾವ ವಾರ್ಡಿಗೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ. ಹಳೆಯ ವಾರ್ಡಿನ ಹೆಸರನ್ನು ನಂಬಿ ಕೂರಬೇಡಿ. ಎಪಿಕ್ ಕಾರ್ಡ್, ಅಂದರೆ ಮತದಾರರ ಗುರುತಿನ ಚೀಟಿ, ಕೈಯಲ್ಲಿದ್ದ ಮಾತ್ರಕ್ಕೆ ಓಟು ಇದೆ ಎಂದಲ್ಲ, ಪಟ್ಟಿಯಲ್ಲಿ ಹೆಸರಿರಬೇಕು, ಮತ್ತು ಅದನ್ನು ಚುನಾವಣೆ ಘೋಷಣೆಗೆ ಮುನ್ನವೇ ನೋಡಿಕೊಳ್ಳಬೇಕು.

ಓಟು ಎಲ್ಲಿದ್ದರೂ ವಾರ್ಡಿನ ಸೌಲಭ್ಯಗಳು ಬಾಡಿಗೆದಾರರಿಗೂ ಸೇರಿದ್ದು ಎಂಬುದನ್ನೂ ಹೇಳಬೇಕು. ಕಸ, ಗುಂಡಿ, ಬೀದಿದೀಪಕ್ಕೆ 1533, ನೀರು ಮತ್ತು ಒಳಚರಂಡಿಗೆ 1916, ವಿದ್ಯುತ್ತಿಗೆ 1912. ದೂರು ಕೊಟ್ಟಾಗ ದೂರಿನ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಎರಡನೆಯ ಸಲ ಕರೆ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಜ್ವರ, ರಕ್ತದೊತ್ತಡ, ಸಕ್ಕರೆಯ ತಪಾಸಣೆಗೆ "ನಮ್ಮ ಕ್ಲಿನಿಕ್" ಎಂಬ ಸರ್ಕಾರಿ ಚಿಕಿತ್ಸಾಲಯಗಳಿವೆ, ಅಲ್ಲಿ ಔಷಧವೂ ಉಚಿತ. ಆದರೆ ಈ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ನಾನು ಭಾವಿಸುವುದು ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ, ವಾರ್ಡಿನ ಕೆಲಸಗಳನ್ನು ಕೂತು ಚರ್ಚಿಸುವ ವಾರ್ಡ್ ಸಮಿತಿಯನ್ನು. ನಾನು ಹೋಗಿದ್ದ ಒಂದು ಸಭೆಯಲ್ಲಿ ಹನ್ನೊಂದು ಜನರಿದ್ದೆವು, ಹತ್ತು ಮಂದಿ ಸ್ವಂತ ಮನೆಯವರು. ಪಾರ್ಕಿನ ನಡಿಗೆಪಥದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಅಂಗನವಾಡಿಯ ಎದುರಿನ ತೆರೆದ ಚರಂಡಿಯ ಮಾತು ಬಂದದ್ದು ಎಲ್ಲರೂ ಏಳುವ ಹೊತ್ತಿಗೆ. ಆ ಅಂಗನವಾಡಿಗೆ ಮಕ್ಕಳನ್ನು ಕಳಿಸುವವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವ ದಂಪತಿಯ ಮಗಳು ಆ ಅಂಗನವಾಡಿಯಲ್ಲೇ ಓದಿದವಳು. ಮಾನ್ವಿ ಕಡೆಯಿಂದ ಬಂದು ಹದಿನಾಲ್ಕು ವರ್ಷವಾಗಿದೆ. ಊರಲ್ಲಿ ಚುನಾವಣೆ ಬಂದಾಗ ಅಭ್ಯರ್ಥಿಗಳ ಕಡೆಯವರು ಬಸ್ಸು ಮಾಡಿ ಕರೆದುಕೊಂಡು ಹೋಗುತ್ತಾರೆ, ಮರುದಿನ ತಂದು ಬಿಡುತ್ತಾರೆ. "ಇಲ್ಲಿ ನಮ್ಮನ್ನ ಯಾರೂ ಕೇಳಂಗಿಲ್ರಿ, ಅಲ್ಲಿ ಆ ಒಂದು ದಿನ ಆದ್ರೂ ಕೇಳ್ತಾರ" ಎಂದು ಆ ಹುಡುಗಿಯ ತಾಯಿ ಹೇಳಿದಾಗ ನನಗೆ ಏನೂ ಉತ್ತರಿಸಲಾಗಲಿಲ್ಲ. ಕಳೆದ ವಾರ ಗಂಡ ಹೆಂಡತಿ ಇಬ್ಬರದ್ದೂ ನಮೂನೆ 8 ತುಂಬಿದೆವು, ಗ್ಯಾಸ್ ಬಿಲ್ ಜೋಡಿಸಿದೆವು. ನಿನ್ನೆ ಸಂಜೆ ಬಿಎಲ್‌ಒ ಬಂದು ವಿಚಾರಿಸಿದರಂತೆ; ಅವರು ಮಗಳ ಶಾಲೆಯ ಟೀಚರ್ರೇ. ಮನೆ ಎಲ್ಲಿ ಎಂದು ಅವರು ಕೇಳಿದಾಗ ಆಕೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಹದಿನಾಲ್ಕು ವರ್ಷದಿಂದ ಬಾಡಿಗೆಗಿರುವ ಆ ಶೀಟಿನ ಮನೆಯ ತನಕ ಕರೆದುಕೊಂಡು ಹೋಗಿ ತೋರಿಸಿದರಂತೆ.