ಫಾರ್ಮ್ಯಾಟ್ ಹೊಡೆಸುವ ಮುಂಚೆ

"ಲ್ಯಾಪ್‌ಟಾಪಲ್ಲಿ ಬರೀ ಜಾಹೀರಾತು ಬರ್ತಿದೆ" ಅಂತ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ಸಿಗುವ ಉತ್ತರ ಒಂದೇ. "ವೈರಸ್ ಸಾರ್, ಫಾರ್ಮ್ಯಾಟ್ ಹೊಡೀಬೇಕು." ಅಷ್ಟು ಹೇಳುವಾಗ ಲ್ಯಾಪ್‌ಟಾಪ್ ಇನ್ನೂ ಬ್ಯಾಗಿನೊಳಗೇ ಇರುತ್ತದೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವ ಈ ಪದ್ಧತಿಯ ಮೇಲೆ ನನಗೆ ಬಹಳ ಕಾಲದಿಂದ ಸಿಟ್ಟಿದೆ. ಇವತ್ತು ಅದನ್ನು ಪೂರ್ತಿ ಬರೆದು ಹಾಕ್ತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಫಾರ್ಮ್ಯಾಟ್ ಮಾಡಿದ ಮೇಲೆ ಮನೆಗೆ ಬರುವ ಲ್ಯಾಪ್‌ಟಾಪ್ ಹೇಗಿರುತ್ತೆ ನೋಡಿದ್ದೀರಾ? ಡೆಸ್ಕ್‌ಟಾಪ್ ಮೇಲಿದ್ದ ಮಗಳ ಮದುವೆ ಫೋಟೋ ಹೋಗಿರುತ್ತವೆ, ಯಾಕಂದ್ರೆ ಅಂಗಡಿಯವನು ಡಿ ಡ್ರೈವ್ ಒಂದನ್ನೇ ಉಳಿಸಿರುತ್ತಾನೆ, ಡೆಸ್ಕ್‌ಟಾಪ್ ಇರೋದು ಸಿ ಡ್ರೈವಲ್ಲಿ ಅನ್ನೋದು ಮನೆಯವರಿಗೆ ಗೊತ್ತಿರುವುದಿಲ್ಲ. ದುಡ್ಡು ಕೊಟ್ಟು ತಗೊಂಡ ಅಸಲಿ ವಿಂಡೋಸ್ ಜಾಗದಲ್ಲಿ ಕ್ರ್ಯಾಕ್ ಮಾಡಿದ ವಿಂಡೋಸ್ ಕೂತಿರುತ್ತೆ. ಅದರ ಜೊತೆಗೆ ಅವನ ಪೆನ್‌ಡ್ರೈವ್‌ನಲ್ಲಿ ವರ್ಷಗಟ್ಟಲೆಯಿಂದ ಬಿದ್ದಿರುವ ವಿಡಿಯೋ ಪ್ಲೇಯರು, ಜಿಪ್ ಬಿಚ್ಚುವ ಸಾಫ್ಟ್‌ವೇರು, ಡ್ರೈವರ್ ಅಪ್‌ಡೇಟ್ ಮಾಡ್ತೀನಿ ಅನ್ನೋ ಇನ್ನೊಂದು. ಜಾಹೀರಾತು ಸಾಫ್ಟ್‌ವೇರ್ ಮನೆಗೆ ಬರುವ ದಾರಿಗಳಲ್ಲಿ ಇವೂ ಸೇರಿವೆ ಅನ್ನೋದು ಇಲ್ಲಿನ ತಮಾಷೆ.

ಮೊದಲು ಜಾಹೀರಾತು ಎಲ್ಲಿ ಕಾಣಿಸ್ತಿದೆ ಅಂತ ನೋಡಬೇಕು. ತಿಪಟೂರಿನ ನಮ್ಮ ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ಪಹಣಿ ತೆಗೆಯೋದು, ಕರೆಂಟ್ ಬಿಲ್ ಕಟ್ಟೋದು, ವಚನಗಳ ಬಗ್ಗೆ ಲೇಖನ ಟೈಪ್ ಮಾಡೋದು, ಎಲ್ಲ ಒಂದೇ ಹಳೇ ಲ್ಯಾಪ್‌ಟಾಪಲ್ಲಿ. "ಏನಪ್ಪಾ ಇದು, ಬಲಗಡೆ ಮೂಲೇಲಿ ಟಣ್ ಟಣ್ ಅಂತ ಒಂದೇ ಸಮ ಬರ್ತಿರುತ್ತೆ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ ಅಂತಿದೆ" ಅಂತ ಫೋನ್ ಮಾಡಿದರು. ಅವರ ಲ್ಯಾಪ್‌ಟಾಪಲ್ಲಿ ವೈರಸ್ಸೂ ಇರಲಿಲ್ಲ, ಜಾಹೀರಾತು ಸಾಫ್ಟ್‌ವೇರೂ ಇರಲಿಲ್ಲ. ಯಾವುದೋ ಸೈಟಿಗೆ ಹೋದಾಗ "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂತ ಕೇಳಿರುತ್ತೆ. ಒತ್ತಿದ ಕೂಡಲೇ ಆ ಸೈಟಿಗೆ ನೋಟಿಫಿಕೇಶನ್ ಕಳಿಸುವ ಅನುಮತಿ ಸಿಕ್ಕಿತು. ಆಮೇಲೆ ಅದು ವಿಂಡೋಸಿನ ಸಂದೇಶದ ವೇಷದಲ್ಲೇ ಮೂಲೆಯಲ್ಲಿ ಬಂದು ಕೂರುತ್ತದೆ.

ಇದನ್ನು ತೆಗೆಯೋಕೆ ಯಾವ ಸಾಫ್ಟ್‌ವೇರೂ ಬೇಡ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅಲೋ ಪಟ್ಟಿಯಲ್ಲಿ ಗುರುತು ಪರಿಚಯ ಇಲ್ಲದ ಹೆಸರುಗಳ ಸಾಲೇ ಕಾಣುತ್ತದೆ. ಎಲ್ಲವನ್ನೂ ರಿಮೂವ್ ಮಾಡಿ, ಮೇಲಿರುವ ಆಯ್ಕೆಯಲ್ಲಿ ಯಾವ ಸೈಟೂ ಕೇಳುವಂತಿಲ್ಲ ಅಂತ ಹಾಕಿಬಿಡಿ. ಎಡ್ಜ್‌ನಲ್ಲೂ ಹೆಚ್ಚುಕಮ್ಮಿ ಇದೇ ದಾರಿ. ಫೋನಲ್ಲೇ ಹೇಳಿ ಚಿಕ್ಕಪ್ಪನ ಕೈಲೇ ಮಾಡಿಸಿದೆ. "ಅಷ್ಟೇನಾ?" ಅಂದರು. ಅಷ್ಟೇ. ಅಂಗಡಿಗೆ ಹೋಗಿದ್ದರೆ ಇಷ್ಟಕ್ಕೇ ಅವರ ಲೇಖನಗಳೆಲ್ಲ ಅಳಿಸಿ ಹೋಗುತ್ತಿದ್ದವು.

ಜಾಹೀರಾತು ನೀವು ತೆರೆದ ಪುಟದ ಒಳಗೇ ಬರ್ತಿದ್ದರೆ, ಅಥವಾ ಗೂಗಲ್‌ನಲ್ಲಿ ಹುಡುಕಿದರೆ ಬೇರೆ ಯಾವುದೋ ಹೆಸರಿನ ಹುಡುಕುತಾಣ ತೆರೆದುಕೊಳ್ತಿದ್ದರೆ, ಮೊದಲ ಅನುಮಾನ ಎಕ್ಸ್‌ಟೆನ್ಶನ್‌ಗಳ ಮೇಲೆ, ಅಂದ್ರೆ ಬ್ರೌಸರಿಗೆ ಮೇಲಿಂದ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್‌ಗಳ ಮೇಲೆ. ಪಿಡಿಎಫ್ ಬದಲಾಯಿಸ್ತೀನಿ, ಕೂಪನ್ ಹುಡುಕಿಕೊಡ್ತೀನಿ, ಹವಾಮಾನ ತೋರಿಸ್ತೀನಿ ಅಂತ ಬಂದು ಕೂತ ಗಿರಾಕಿಗಳು ಇವು. ಒಳ್ಳೆಯ ಎಕ್ಸ್‌ಟೆನ್ಶನ್ ಕೂಡ ಕೆಡಬಹುದು. ಲಕ್ಷಾಂತರ ಜನ ಬಳಸುತ್ತಿದ್ದ ದಿ ಗ್ರೇಟ್ ಸಸ್ಪೆಂಡರ್ ಅನ್ನೋ ಕ್ರೋಮ್ ಎಕ್ಸ್‌ಟೆನ್ಶನ್ 2020ರಲ್ಲಿ ಮಾಲೀಕರನ್ನು ಬದಲಾಯಿಸಿತು. ಒಳಗೆ ಕೆಟ್ಟ ಕೋಡ್ ಇದೆ ಅಂತ 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಬಳಸುತ್ತಿದ್ದವರು ಹೊಸದಾಗಿ ಏನನ್ನೂ ಒತ್ತಿರಲಿಲ್ಲ.

ಫಾರ್ಮ್ಯಾಟ್ ಭಕ್ತರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಕ್ರೋಮ್‌ಗೆ ಜಿಮೇಲ್ ಖಾತೆಯಿಂದ ಸೈನ್ ಇನ್ ಆಗಿ ಸಿಂಕ್ ಆನ್ ಇಟ್ಟಿದ್ದರೆ ನಿಮ್ಮ ಎಕ್ಸ್‌ಟೆನ್ಶನ್‌ಗಳ ಪಟ್ಟಿ ಗೂಗಲ್ ಖಾತೆಯಲ್ಲೂ ಇರುತ್ತದೆ. ಡಿಸ್ಕ್ ಪೂರ್ತಿ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, ಕ್ರೋಮ್ ತೆರೆದು ಸೈನ್ ಇನ್ ಆಗಿ. ಆ ಕೂಪನ್ ಎಕ್ಸ್‌ಟೆನ್ಶನ್ ನಿಮಗಿಂತ ಮುಂಚೆ ಬಂದು ಕೂತಿರುತ್ತೆ! ಇನ್ನೂರು ಮುನ್ನೂರು ರೂಪಾಯಿಗೆ ಮಾಡಿದ ಕೆಲಸವಲ್ಲವಾ, ಅದಕ್ಕೇ ಹೀಗೆ ಅಂದುಕೊಂಡು ಜನ ಇನ್ನೂ ದುಬಾರಿ ಅಂಗಡಿಗೆ ಹೋಗ್ತಾರೆ.

ಕೆಲವು ಎಕ್ಸ್‌ಟೆನ್ಶನ್‌ಗಳಿಗೆ ರಿಮೂವ್ ಬಟನ್ನೇ ಇರುವುದಿಲ್ಲ. ಮೆನುವಿನ ಕೆಳಗೆ "ನಿಮ್ಮ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಅನ್ನೋ ಅರ್ಥದ ಸಾಲು ಇರುತ್ತದೆ. ಮನೆ ಕಂಪ್ಯೂಟರಿಗೆ ಎಲ್ಲಿಯ ಸಂಸ್ಥೆ? ಕಚೇರಿಗಳಿಗಾಗಿ ಇಟ್ಟಿರುವ ಪಾಲಿಸಿ ಸೌಲಭ್ಯವನ್ನು ಜಾಹೀರಾತು ಸಾಫ್ಟ್‌ವೇರ್ ಬಳಸಿಕೊಂಡು, ವಿಂಡೋಸಿನ ಸೆಟ್ಟಿಂಗ್‌ಗಳೆಲ್ಲ ದಾಖಲಾಗಿರುವ ರಿಜಿಸ್ಟ್ರಿಯಲ್ಲಿ ತನ್ನ ಹೆಸರು ಬರೆದುಕೊಂಡಿರುತ್ತದೆ. ಕೆಲವು ಆಂಟಿವೈರಸ್‌ಗಳೂ ಇದೇ ಸಾಲು ಬರುವಂತೆ ಮಾಡುತ್ತವೆ, ಹಾಗಾಗಿ ನೋಡಿದ ತಕ್ಷಣ ಗಾಬರಿ ಬೇಡ. ರಿಜಿಸ್ಟ್ರಿಗೆ ನೀವೇ ಕೈ ಹಾಕಲೂ ಬೇಡಿ.

ಅದಕ್ಕೆ ಜಾಹೀರಾತು ಸಾಫ್ಟ್‌ವೇರ್ ಹುಡುಕಿ ತೆಗೆಯುವ ಆಡ್‌ಡಬ್ಲ್ಯೂಕ್ಲೀನರ್ ಇದೆ. ಉಚಿತ, ಇನ್‌ಸ್ಟಾಲ್ ಮಾಡುವ ಗೋಜೂ ಇಲ್ಲ, ಫೈಲ್ ಒತ್ತಿದರೆ ಸಾಕು. ಇದನ್ನು 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಕಂಪನಿ ಕೊಂಡುಕೊಂಡಿತು, ಆದ್ದರಿಂದ ಅವರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೊದಲು ಬರುವ "ಪ್ರಾಯೋಜಿತ" ಕೊಂಡಿ ಮಾತ್ರ ಒತ್ತಬೇಡಿ, ದಮ್ಮಯ್ಯ. ಅದಕ್ಕೂ ಮುಂಚೆ ಇನ್‌ಸ್ಟಾಲ್ ಆದ ಆಪ್‌ಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ. ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ನಾಲ್ಕೈದು ಅಪರಿಚಿತರು ಒಟ್ಟಿಗೇ ಬಂದಿದ್ದರೆ ಅವರೇ. ಅನ್‌ಇನ್‌ಸ್ಟಾಲ್ ಮಾಡುವಾಗ ಬರುವ ಕಿಟಕಿಯನ್ನೂ ನಿಧಾನವಾಗಿ ಓದಬೇಕು, "ಇಟ್ಟುಕೊಳ್ಳಿ" ಅನ್ನೋದು ದೊಡ್ಡ ಹಸಿರು ಬಟನ್ ಆಗಿರುತ್ತದೆ, "ತೆಗೆಯಿರಿ" ಅನ್ನೋದು ಬೂದು ಬಣ್ಣದ ಸಣ್ಣ ಅಕ್ಷರ. ಇಷ್ಟಾದ ಮೇಲೂ ಬ್ರೌಸರ್ ತೆರೆದ ಕೂಡಲೇ ಅದೇ ಪುಟ ಬರ್ತಿದ್ದರೆ ಬ್ರೌಸರಿನ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆಗೆದು ನೋಡಿ. ಟಾರ್ಗೆಟ್ ಸಾಲಿನ ಕೊನೆಗೆ ಒಂದು ವೆಬ್ ವಿಳಾಸ ಅಂಟಿಸಿರಬಹುದು.

"ಆಂಟಿವೈರಸ್ ಇತ್ತಲ್ಲ, ಅದ್ಯಾಕೆ ಸುಮ್ಮನಿತ್ತು?" ಅಂತ ಎಲ್ಲರೂ ಕೇಳ್ತಾರೆ. ಕಾನೂನಿನ ಪ್ರಕಾರ ಇದು ವೈರಸ್ ಅಲ್ಲ, ನೀವು "ಒಪ್ಪಿದೆ" ಒತ್ತಿದ್ದೀರಿ ಅನ್ನೋದು ಈ ಕಂಪನಿಗಳ ವಾದ. ನಮ್ಮನ್ನು ತಡೆದಿರಿ ಅಂತ ಜ್ಯಾಂಗೋ ಅನ್ನೋ ಜಾಹೀರಾತು ಸಾಫ್ಟ್‌ವೇರ್ ಕಂಪನಿ ಆಂಟಿವೈರಸ್ ಮಾಡುವ ಕ್ಯಾಸ್ಪರ್‌ಸ್ಕಿ ಮೇಲೆ ಕೇಸ್ ಹಾಕಿತ್ತು, 2009ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕ್ಯಾಸ್ಪರ್‌ಸ್ಕಿ ಪರ ತೀರ್ಪು ಕೊಟ್ಟಿತು. ಆದರೂ ವೈರಸ್ ಅಂತ ನೇರವಾಗಿ ಕರೆಯೋಕೆ ಈಗಲೂ ಹಿಂಜರಿಕೆ ಇದೆ, "ಬಹುಶಃ ಬೇಡದ ಆಪ್" ಅನ್ನೋ ನಾಜೂಕಿನ ಹೆಸರು ಇಟ್ಟಿದ್ದಾರೆ. ವಿಂಡೋಸ್ 10ರ 2020ರ ಮೇ ಅಪ್‌ಡೇಟ್ ಬಂದ ಮೇಲೆ ಇವನ್ನು ತಡೆಯುವ ಆಯ್ಕೆ ವಿಂಡೋಸ್ ಸೆಕ್ಯುರಿಟಿಯಲ್ಲೇ ಇದೆ. ಆಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಅಂತ. ಆನ್ ಆಗಿದೆಯಾ ನೋಡಿಕೊಳ್ಳಿ.

ಮನೆಗಳಲ್ಲಿ ಇದಾದ ಮೇಲೆ ನಡೆಯುವ ವಿಚಾರಣೆ ನನಗೆ ಹಿಡಿಸುವುದಿಲ್ಲ. "ಯಾರು ಏನು ಒತ್ತಿದ್ರಿ ಹೇಳಿ!" ಅಮ್ಮ ಸುಮ್ಮನಾಗ್ತಾರೆ, ಪಿಯುಸಿ ಹುಡುಗ ತಂಗಿಯ ಕಡೆ ಕೈ ತೋರಿಸ್ತಾನೆ. ಒತ್ತಲಿ ಅಂತಲೇ ಆ ಬಟನ್ ಮಾಡಿದ್ದಾರೆ ಕಣ್ರೀ. ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ, ಬೇಡದ ಸಾಫ್ಟ್‌ವೇರನ್ನು ಬೇರೆಯದರ ಜೊತೆ ಸುತ್ತಿ ಇನ್‌ಸ್ಟಾಲ್ ಮಾಡಿಸುವ ಈ ವ್ಯಾಪಾರದ ಲೆಕ್ಕ ಹೊರಗಿಟ್ಟರು. ಒಂದು ಇನ್‌ಸ್ಟಾಲ್‌ಗೆ 10 ಸೆಂಟ್‌ನಿಂದ ಒಂದೂವರೆ ಡಾಲರ್‌ವರೆಗೆ ಕಮಿಷನ್. ಬೇಡದ ಸಾಫ್ಟ್‌ವೇರ್ ಇಳಿಸುವ ಪ್ರಯತ್ನಗಳಿಗೆ ಗೂಗಲ್‌ನ ಎಚ್ಚರಿಕೆ ವ್ಯವಸ್ಥೆ ವಾರಕ್ಕೆ 6 ಕೋಟಿಗೂ ಹೆಚ್ಚು ಸಲ ಅಡ್ಡ ಬರುತ್ತಿತ್ತು. ಇಷ್ಟು ದೊಡ್ಡ ಸಂತೆ ನಡೆಸೋರು ಬಟನ್ ಎಲ್ಲಿಡಬೇಕು ಅಂತ ತಲೆ ಖರ್ಚು ಮಾಡದೆ ಇರ್ತಾರಾ?

ಇದರಲ್ಲಿ ದೊಡ್ಡವರೂ ಕೈ ಅದ್ದಿದ್ದರು. ಜಾವಾ ಅಪ್‌ಡೇಟ್ ಜೊತೆ ಆಸ್ಕ್ ಟೂಲ್‌ಬಾರ್ ಬರ್ತಿದ್ದ ಕಾಲ ನೆನಪಿರಬೇಕು ನಿಮಗೆ. ಫೋಟೋ ತಿದ್ದುವ ಗಿಂಪ್ ತಂತ್ರಾಂಶದ ವಿಂಡೋಸ್ ಆವೃತ್ತಿ ಮಾಡುತ್ತಿದ್ದವರು ಸೋರ್ಸ್‌ಫೋರ್ಜ್ ತಾಣದ ಜಾಹೀರಾತುಗಳಿಗೆ ಬೇಸತ್ತು, ಅಲ್ಲಿ ತಮ್ಮ ತಂತ್ರಾಂಶ ಹಂಚುವುದನ್ನು ಬಿಟ್ಟು 2013ರಲ್ಲಿ ಎದ್ದು ಹೋದರು. 2015ರಲ್ಲಿ ಅದೇ ತಾಣ ಅವರು ಬಿಟ್ಟುಹೋದ ಖಾತೆಯನ್ನು ತಾನೇ ಹಿಡಿದುಕೊಂಡು, ಗಿಂಪ್‌ಗೆ ಬೇರೆ ಸಾಫ್ಟ್‌ವೇರ್ ಸುತ್ತಿ ಹಂಚಿತು. ದೊಡ್ಡ ಗಲಾಟೆಯಾಯಿತು. 2016ರಲ್ಲಿ ತಾಣದ ಮಾಲೀಕತ್ವ ಬದಲಾದ ಮೇಲೆ ಆ ಪದ್ಧತಿ ನಿಂತಿತು.

ಇದಕ್ಕಿಂತ ಕೆಟ್ಟದ್ದು ಸೂಪರ್‌ಫಿಶ್ ಅನ್ನೋ ಜಾಹೀರಾತು ಸಾಫ್ಟ್‌ವೇರ್. 2014ರ ಕೊನೆಯ ತಿಂಗಳುಗಳಲ್ಲಿ ಲೆನೊವೊ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಕಾರ್ಖಾನೆಯಲ್ಲೇ ತುಂಬಿ ಕಳಿಸಿತ್ತು. ಜಾಹೀರಾತು ತೂರಿಸೋಕೆ ಅಂತ ಅದು ಬ್ಯಾಂಕ್ ಸೈಟುಗಳನ್ನೂ ಸೇರಿಸಿ ಎಲ್ಲ ಸುರಕ್ಷಿತ ಸಂಪರ್ಕಗಳ ನಡುವೆ ನಿಲ್ಲುತ್ತಿತ್ತು, ಅದಕ್ಕೆ ಬೇಕಾದ ತನ್ನದೇ ನಕಲಿ ಪ್ರಮಾಣಪತ್ರವನ್ನು ವಿಂಡೋಸಿನೊಳಗೆ ಇಟ್ಟಿತ್ತು. ಆ ಪ್ರಮಾಣಪತ್ರದ ಗುಪ್ತ ಕೀಲಿ ಎಲ್ಲ ಲ್ಯಾಪ್‌ಟಾಪಲ್ಲೂ ಒಂದೇ. 2015ರ ಫೆಬ್ರವರಿಯಲ್ಲಿ ವಿಷಯ ಬಯಲಾದಾಗ ಒಬ್ಬ ಭದ್ರತಾ ತಜ್ಞ ಆ ಕೀಲಿಯ ಪಾಸ್‌ವರ್ಡ್ ಬಿಡಿಸಿಯೇಬಿಟ್ಟ, ಅದು ಆ ತಂತ್ರಜ್ಞಾನ ಮಾಡಿಕೊಟ್ಟ ಕಂಪನಿಯ ಹೆಸರೇ ಆಗಿತ್ತು. 2017ರಲ್ಲಿ ಅಮೆರಿಕದ ರಾಜ್ಯಗಳಿಗೆ ಲೆನೊವೊ 35 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ಲ್ಯಾಪ್‌ಟಾಪನ್ನು ಕಾರ್ಖಾನೆ ಸ್ಥಿತಿಗೆ ರೀಸ್ಟೋರ್ ಮಾಡಿದ್ದರೆ ಸೂಪರ್‌ಫಿಶ್ ಕೂಡ ಹೊಚ್ಚ ಹೊಸದಾಗಿ ವಾಪಸ್ ಬರುತ್ತಿತ್ತು. ಇದರಲ್ಲಿ ಅಮ್ಮ ಒತ್ತಿದ್ದು ಯಾವ ಬಟನ್ನು?

ಕನ್ನಡದವರಿಗೆ ಅಂತಲೇ ಒಂದು ಖೆಡ್ಡಾ ಇದೆ. ಕನ್ನಡ ಟೈಪ್ ಮಾಡುವ "ನುಡಿ" ಬೇಕು ಅಂತ ಹುಡುಕಿದರೆ, ಕನ್ನಡ ಗಣಕ ಪರಿಷತ್ತು ಉಚಿತವಾಗಿ ಕೊಡುವ ತಂತ್ರಾಂಶವನ್ನೇ ಯಾರ್ಯಾರೋ ತಮ್ಮ ಸೈಟಲ್ಲಿ ಇಟ್ಟುಕೊಂಡಿರುತ್ತಾರೆ. ಪುಟದಲ್ಲಿ ಮೂರು ಡೌನ್‌ಲೋಡ್ ಬಟನ್, ಅದರಲ್ಲಿ ಎರಡು ಜಾಹೀರಾತು. ಡಿಟಿಪಿ ಕೆಲಸದವರು ಹಳೇ ಫಾಂಟ್‌ಗಾಗಿ ಇಂಥಲ್ಲಿಗೆ ಹೋಗಿ ಸಿಕ್ಕಿಬೀಳೋದನ್ನ ನೋಡಿದ್ದೀನಿ. ಫೇಸ್‌ಬುಕ್ಕಿಗೋ ವಾಟ್ಸಾಪಿಗೋ ಬರೆಯೋಕಷ್ಟೇ ಆಗಿದ್ದರೆ ವಿಂಡೋಸಿನೊಳಗೇ ಕನ್ನಡ ಕೀಬೋರ್ಡ್ ಇದೆ, ಏನನ್ನೂ ಇಳಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿ ನಿಯಮ ಇಲ್ಲ ಅಂತಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್, ಅಂದ್ರೆ ಬಳಕೆದಾರರನ್ನು ಯಾಮಾರಿಸುವ ವಿನ್ಯಾಸ, ತಡೆಯುವ ಮಾರ್ಗಸೂಚಿ ಹೊರಡಿಸಿತು. 13 ಬಗೆಯ ಮೋಸಗಳ ಪಟ್ಟಿಯಲ್ಲಿ ವೇಷ ಮರೆಸಿದ ಜಾಹೀರಾತು, ಗೊಂದಲದ ಪ್ರಶ್ನೆ, ವೈರಸ್ ಇದೆ ಅಂತ ಹೆದರಿಸಿ ದುಡ್ಡು ಕೀಳೋದು, ಎಲ್ಲವೂ ಇವೆ. ದೂರಿಗೆ 1915 ಸಹಾಯವಾಣಿಯೂ ಇದೆ. ಒಳ್ಳೆಯ ನಿಯಮ. ಆದರೆ ವಿಳಾಸವೇ ಇಲ್ಲದ ಕಂಪನಿಯ ಮೇಲೆ ತಿಪಟೂರಿನಿಂದ ದೂರು ಕೊಟ್ಟರೆ ನೋಟಿಸ್ ಯಾರ ಮನೆ ಬಾಗಿಲಿಗೆ ಅಂಟಿಸ್ತಾರೆ? ಅತ್ತ ಮೈಕ್ರೋಸಾಫ್ಟೇ 2024ರ ಏಪ್ರಿಲ್‌ನಿಂದ ವಿಂಡೋಸ್ 11ರ ಸ್ಟಾರ್ಟ್ ಮೆನುವಿನಲ್ಲಿ "ಶಿಫಾರಸು" ಹೆಸರಲ್ಲಿ ಆಪ್‌ಗಳ ಜಾಹೀರಾತು ಶುರು ಮಾಡಿತು. ಆಫ್ ಮಾಡಬಹುದು, ಪರ್ಸನಲೈಸೇಶನ್‌ನ ಸ್ಟಾರ್ಟ್ ವಿಭಾಗದಲ್ಲಿದೆ.

ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ಕಿರುಚುವ ದನಿಯಲ್ಲಿ "ಈ ನಂಬರಿಗೆ ಕರೆ ಮಾಡಿ" ಅಂದರೆ ಅದು ಬರೀ ಒಂದು ವೆಬ್ ಪುಟ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ಎಸ್ಕೇಪ್ ಕೀಲಿ ಒತ್ತಿ ಹಿಡಿಯಿರಿ, ಆಗದಿದ್ದರೆ ಆಲ್ಟ್ ಮತ್ತು ಎಫ್4. ಕರೆ ಮಾಡಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕ್ಲೀನ್ ಆದ ಮೇಲೆ ಹಿರಿಯರ ಬ್ರೌಸರಿಗೆ ನಾನು ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕಿಕೊಡ್ತೀನಿ. ಫೈರ್‌ಫಾಕ್ಸ್ ಆದರೆ ಯುಬ್ಲಾಕ್ ಒರಿಜಿನ್, ಕ್ರೋಮ್‌ನಲ್ಲಿ ಈಗ ಅದರ ಲೈಟ್ ಆವೃತ್ತಿ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬಳಸಿ ಅಂತ ಅಮೆರಿಕದ ಎಫ್‌ಬಿಐ ಕೂಡ 2022ರ ಡಿಸೆಂಬರ್‌ನಲ್ಲಿ ಸಲಹೆ ಮಾಡಿತ್ತು. ಕನ್ನಡ ಪತ್ರಿಕೆಗಳ ಸೈಟುಗಳು ಜಾಹೀರಾತಿನಿಂದಲೇ ಬದುಕೋದು ಅಂತ ಪತ್ರಕರ್ತ ಗೆಳೆಯರೊಬ್ಬರು ಇದಕ್ಕೆ ಬೈದರು. ನಾನು ದಿನಾ ಓದುವ ಪತ್ರಿಕೆಗಳಿಗೆ ವಿನಾಯಿತಿ ಕೊಟ್ಟಿದ್ದೀನಿ. ಸುದ್ದಿಯ ಕೆಳಗೆ "ವೈದ್ಯರೇ ಬೆಚ್ಚಿಬಿದ್ದರು" ಸರಣಿ ಹಾಕುವವರಿಗೆ ಕೊಟ್ಟಿಲ್ಲ. ಜೊತೆಗೆ ದಿನಬಳಕೆಗೆ ಅಡ್ಮಿನ್ ಅಲ್ಲದ ಒಂದು ಖಾತೆ ಮಾಡಿಕೊಟ್ಟು, ಅಡ್ಮಿನ್ ಪಾಸ್‌ವರ್ಡ್ ಅವರದೇ ಡೈರಿಯಲ್ಲಿ ಬರೆದಿಡಿ. ಏನಾದರೂ ಇನ್‌ಸ್ಟಾಲ್ ಆಗಬೇಕಾದರೆ ಡೈರಿ ತೆಗೆಯಬೇಕು. ಡೈರಿ ಹುಡುಕುವ ಹೊತ್ತಿಗೆ ಚಿಕ್ಕಪ್ಪನಿಗೆ ನನಗೊಂದು ಫೋನ್ ಮಾಡೋಣ ಅನ್ನಿಸುತ್ತೆ.

ಫಾರ್ಮ್ಯಾಟ್ ಯಾವಾಗಲೂ ತಪ್ಪು ಅಂತ ನಾನು ಹೇಳಲ್ಲ. ಕ್ರ್ಯಾಕ್ ಸಾಫ್ಟ್‌ವೇರ್ ಓಡಿಸಿದ ಮೇಲೆ ತೊಂದರೆ ಶುರುವಾಗಿದ್ದರೆ, ಯಾರೋ ದೂರದಿಂದ ಲ್ಯಾಪ್‌ಟಾಪ್ ಹಿಡಿತಕ್ಕೆ ತಗೊಂಡಿದ್ದರೆ, ಖಾತೆಗಳ ಪಾಸ್‌ವರ್ಡ್ ತಾನಾಗಿ ಬದಲಾಗ್ತಿದ್ದರೆ, ಅದು ಜಾಹೀರಾತಿನ ಮಟ್ಟ ದಾಟಿದ ವಿಷಯ. ಆಗ ಅಳಿಸಿ. ಮೊದಲು ಬೇರೆ ಸಾಧನದಿಂದ ಬ್ಯಾಂಕ್ ಮತ್ತು ಜಿಮೇಲ್ ಪಾಸ್‌ವರ್ಡ್ ಬದಲಿಸಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೂರನ್ನೂ ನೀವೇ ಎದುರು ನಿಂತು ಕಾಪಿ ಮಾಡಿಸಿ. ಕಂಪನಿಯಿಂದ ವಿಂಡೋಸ್ ಜೊತೆಗೇ ಬಂದ ಈಚಿನ ಲ್ಯಾಪ್‌ಟಾಪ್ ಆದರೆ ಅದರ ಲೈಸೆನ್ಸ್ ಕೀಲಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಅದೇ ಆವೃತ್ತಿಯನ್ನು ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿ ಹಾಕಿದರೆ ತಾನಾಗೇ ಆಕ್ಟಿವೇಟ್ ಆಗುತ್ತದೆ. ಅಂಗಡಿಯವನು ಪೆನ್‌ಡ್ರೈವ್ ತೆಗೆದಾಗ ಇಷ್ಟು ಹೇಳಿ: "ನಮ್ಮದು ಒರಿಜಿನಲ್ ವಿಂಡೋಸ್ ಅಣ್ಣ, ಅದನ್ನೇ ಹಾಕಿ, ಬೇರೆ ಏನೂ ಬೇಡ."