ಮೈಕಿಗೆ ತುಟಿ ತಾಗಿಸಿ ಹಾಡಿದ ಜಿಮ್ ರೀವ್ಸ್

ಅಮೆರಿಕದ ಹಳ್ಳಿಗಾಡಿನ ಧಾಟಿಯ ‘ಕಂಟ್ರಿ’ ಹಾಡುಗಾರ ಜಿಮ್ ರೀವ್ಸ್ ಯಾರೆಂದು ನಮ್ಮ ಆಫೀಸಿನ ಟೆಕ್ಸಸ್ ಹುಡುಗರಿಗೆ ಗೊತ್ತಿಲ್ಲ. ಮಂಗಳೂರಿನ ಫಳ್ನೀರಿನಲ್ಲೋ ಬೆಂದೂರಿನಲ್ಲೋ ಅರವತ್ತು ದಾಟಿದ ಯಾರನ್ನಾದರೂ ನಿಲ್ಲಿಸಿ ಕೇಳಿ, ಒಂದು ಸಾಲನ್ನಾದರೂ ಗುನುಗಿ ತೋರಿಸುತ್ತಾರೆ. ರೀವ್ಸ್ ಹುಟ್ಟಿದ್ದು ಇದೇ ಟೆಕ್ಸಸ್‌ನಲ್ಲಿ. ನಾನಿರುವ ಡಾಲಸ್‌ನಿಂದ ಪೂರ್ವಕ್ಕೆ ಮೂರು ಗಂಟೆ ಕಾರು ಓಡಿಸಿದರೆ ಅವರ ಸಮಾಧಿ ಸಿಗುತ್ತದೆ. ಆದರೂ ಇಲ್ಲಿಯವರಿಗಿಂತ ನಮ್ಮವರಿಗೇ ಅವರು ಜಾಸ್ತಿ ಬೇಕಾದವರು.

‘ಹಳೇ ಹಾಡು, ಹಳೇ ನೆನಪು, ಅಷ್ಟೇ’ ಎನ್ನುತ್ತಾಳೆ ನನ್ನ ಹೆಂಡತಿ. ನನಗೆ ಒಪ್ಪಿಗೆಯಿಲ್ಲ. ಹಳೇ ಹಾಡುಗಳು ರಾಶಿ ರಾಶಿ ಇದ್ದವು. ಎಲ್ಲಾ ಉಳಿಯಲಿಲ್ಲವಲ್ಲ!

ರೀವ್ಸ್ ಹುಟ್ಟಿದ್ದು 1923ರ ಆಗಸ್ಟ್ 20ರಂದು, ಪನೋಲಾ ಕೌಂಟಿಯ ಗ್ಯಾಲೋವೇ ಎಂಬ ಕುಗ್ರಾಮದಲ್ಲಿ. ಲೂಯಿಸಿಯಾನಾ ಗಡಿಯ ಹತ್ತಿರ, ಪೈನ್ ಮರಗಳ ಸೀಮೆ. ಹುಡುಗನಿಗೆ ಬೇಸ್‌ಬಾಲ್ ಹುಚ್ಚು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದವರು ತಮ್ಮ ಕೆಳಹಂತದ ಲೀಗಿಗೆ ಸೇರಿಸಿಕೊಂಡಿದ್ದರು ಕೂಡ. ಕಾಲಿನ ನರಕ್ಕೆ ಪೆಟ್ಟಾಗಿ ಆಟ ಬಿಡಬೇಕಾಯಿತು. ಆಮೇಲೆ ಹಿಡಿದದ್ದು ರೇಡಿಯೋ ಅನೌನ್ಸರ್ ಕೆಲಸ. ಸುದ್ದಿ ಓದುವುದು, ಜಾಹೀರಾತು ಹೇಳುವುದು, ಮಧ್ಯೆ ಮಧ್ಯೆ ಹಾಡುವುದು. ಈ ಅನೌನ್ಸರ್ ಕೆಲಸವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1953ರಲ್ಲಿ ಹೆಸರು ತಂದುಕೊಟ್ಟ ‘ಮೆಕ್ಸಿಕನ್ ಜೋ’ ಕೇಳಿದರೆ ಇದು ನಮ್ಮ ರೀವ್ಸಾ ಎಂದು ಅನುಮಾನ ಬರುತ್ತದೆ. ದನಿ ಮೇಲೆಲ್ಲೋ ಇದೆ, ಹಾಡಿನಲ್ಲಿ ಕುಣಿತವಿದೆ, ಗದ್ದಲವಿದೆ. ಆಗಿನ ಕಂಟ್ರಿ ಗಾಯಕರೆಲ್ಲ ಹಾಗೇ ಹಾಡುತ್ತಿದ್ದರು. ಸಂತೆಯಲ್ಲಿ ನಿಂತವನಿಗೂ ಕೇಳಿಸಬೇಕು ಎನ್ನುವ ಹಾಗೆ. ಬದಲಾವಣೆ ಬಂದದ್ದು 1957ರ ‘ಫೋರ್ ವಾಲ್ಸ್’ ಹಾಡಿನಲ್ಲಿ. ರೀವ್ಸ್ ದನಿಯನ್ನು ಇಳಿಸಿದರು. ತುಟಿ ಇನ್ನೇನು ತಾಗಬೇಕು, ಅಷ್ಟು ಹತ್ತಿರ ಮೈಕ್ ಇಟ್ಟುಕೊಂಡು ಮೆಲ್ಲಗೆ ಹಾಡಿದರು. ಆರ್‌ಸಿಎ ರೆಕಾರ್ಡ್ ಕಂಪನಿಯಲ್ಲಿ ಇದು ಎಲ್ಲರಿಗೂ ಹಿಡಿಸಲಿಲ್ಲ. ನಿರ್ಮಾಪಕ ಚೆಟ್ ಆಟ್ಕಿನ್ಸ್ ಮಾತ್ರ ರೀವ್ಸ್ ಪರವಾಗಿ ನಿಂತರು. ಹಾಡು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಪಾಪ್ ಕೇಳುವವರೂ ಕೊಂಡರು. ಪಿಟೀಲು, ಸ್ಟೀಲ್ ಗಿಟಾರಿನ ಅಬ್ಬರ ಹಿಂದೆ ಸರಿದು, ಪಿಯಾನೋ ಮತ್ತು ಹಿನ್ನೆಲೆ ಕೋರಸ್ ಮುಂದೆ ಬಂದವು. ಮುಂದೆ ಅದನ್ನೇ ನ್ಯಾಶ್‌ವಿಲ್ ಸೌಂಡ್ ಎಂದರು.

ಅವರ ಅತಿ ದೊಡ್ಡ ಹಾಡು ‘ಹೀಲ್ ಹ್ಯಾವ್ ಟು ಗೋ’. 1959ರ ಕೊನೆಯಲ್ಲಿ ಬಂದ ರೆಕಾರ್ಡ್. ತಮಾಷೆ ಎಂದರೆ ಕಂಪನಿಯವರು ನೆಚ್ಚಿದ್ದು ತಟ್ಟೆಯ ಇನ್ನೊಂದು ಬದಿಯ ಹಾಡನ್ನು. ರೇಡಿಯೋದವರು ತಟ್ಟೆ ಮಗುಚಿ ಹಾಕಿ ಇದನ್ನು ಗೆಲ್ಲಿಸಿದರು. 1960ರಲ್ಲಿ ಹದಿನಾಲ್ಕು ವಾರ ಕಂಟ್ರಿ ಪಟ್ಟಿಯ ತುದಿಯಲ್ಲಿತ್ತು, ಪಾಪ್ ಪಟ್ಟಿಯಲ್ಲಿ ಎರಡನೇ ಸ್ಥಾನ.

ಕತೆ ಸಣ್ಣದು. ಒಬ್ಬ ಬಾರಿನಲ್ಲಿ ನಿಂತು ತನ್ನವಳಿಗೆ ಫೋನ್ ಮಾಡಿದ್ದಾನೆ. ಅವಳ ಪಕ್ಕದಲ್ಲಿ ಬೇರೊಬ್ಬನಿದ್ದಾನೆ. ಇವನು ಕೂಗಾಡುವುದಿಲ್ಲ, ಬೈಯುವುದಿಲ್ಲ. ಫೋನಿಗೆ ಇನ್ನಷ್ಟು ಹತ್ತಿರ ಬಾ ಎನ್ನುತ್ತಾನೆ. ಇಲ್ಲಿ ಜ್ಯೂಕ್‌ಬಾಕ್ಸಿನ ಸದ್ದು ತಗ್ಗಿಸಲು ಹೇಳುತ್ತೇನೆ ಎನ್ನುತ್ತಾನೆ. ಈ ‘ತಗ್ಗಿಸು’ ಎನ್ನುವ ಜಾಗ ಬಂದಾಗ ರೀವ್ಸ್ ತಮ್ಮ ದನಿಯನ್ನೂ ಮೆಟ್ಟಿಲು ಇಳಿಸುತ್ತಾ ತಳಕ್ಕೆ ಒಯ್ಯುತ್ತಾರೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಆ ತಳದ ಸ್ವರದಲ್ಲೂ ಅಕ್ಷರ ಮಸುಕಾಗುವುದಿಲ್ಲ. ಬಹಳ ಜನ ಅಷ್ಟು ಕೆಳಗೆ ಹೋದಾಗ ಬರೀ ಗೊರಗೊರ ಉಳಿಯುತ್ತದೆ. ಇವರದ್ದು ಮಾತಾಗಿಯೇ ಉಳಿಯುತ್ತದೆ. ಹಿಂದೆ ವೈಬ್ರಾಫೋನಿನ ಒಂದೆರಡು ಹನಿ, ಫ್ಲಾಯ್ಡ್ ಕ್ರೇಮರ್ ಅವರ ಪಿಯಾನೋ. ಬೇರೇನೂ ಅಡ್ಡ ಬರುವುದಿಲ್ಲ.

ನನ್ನ ಪ್ರಕಾರ ಗುಟ್ಟು ಇರುವುದು ಇಲ್ಲೇ. ನಮ್ಮವರಿಗೆ ರೀವ್ಸ್ ಹಿಡಿಸಿದ್ದು ಪ್ರೇಮಕ್ಕೋ ವಿರಹಕ್ಕೋ ಅಲ್ಲ, ಅದು ಎಲ್ಲರ ಹಾಡಿನಲ್ಲೂ ಇತ್ತು. ಹಿಡಿಸಿದ್ದು ಮಾತು ಅರ್ಥವಾಗುತ್ತಿತ್ತು ಎಂಬ ಕಾರಣಕ್ಕೆ. ನನ್ನ ಅಪ್ಪ ಕನ್ನಡ ಮೀಡಿಯಂನಲ್ಲಿ ಓದಿ ಬ್ಯಾಂಕ್ ಸೇರಿದವರು. ಇಂಗ್ಲಿಷಿನಲ್ಲಿ ಸರ್ಕ್ಯುಲರ್ ಓದುತ್ತಿದ್ದರು, ಡ್ರಾಫ್ಟ್ ಬರೆಯುತ್ತಿದ್ದರು, ಆದರೆ ಇಂಗ್ಲಿಷ್ ಹಾಡು ಎಂದರೆ ತಲೆಬುಡ ತಿಳಿಯದ ಗಲಾಟೆ. ರೀವ್ಸ್ ಒಬ್ಬರದ್ದು ಮಾತ್ರ ಸಾಲು ಸಾಲೂ ತಿಳಿಯುತ್ತಿತ್ತು. ‘ಈ ಪುಣ್ಯಾತ್ಮ ಬಿಡಿಸಿ ಹೇಳ್ತಾನೆ ಮಾರಾಯ’ ಎನ್ನುತ್ತಿದ್ದರು. ರೇಡಿಯೋದಲ್ಲಿ ಸುದ್ದಿ ಓದಿದ ನಾಲಿಗೆ ಅದು, ಬಿಡಿಸಿ ಹೇಳದೆ ಇನ್ನೇನು?

ಬೇರೆ ದೇಶಗಳನ್ನು ನೋಡಿದರೂ ಇದೇ ಕಾಣುತ್ತದೆ. ನಾರ್ವೆಯಲ್ಲಿ ರೀವ್ಸ್ ಎಂದರೆ ಪ್ರಾಣ. ದಕ್ಷಿಣ ಆಫ್ರಿಕಾದಲ್ಲಿ ಎಲ್ವಿಸ್ ಪ್ರೆಸ್ಲಿಗೆ ಸರಿಸಮವಾಗಿ ನಿಂತರು, ಅಲ್ಲೇ ಒಂದು ಸಿನಿಮಾದಲ್ಲಿ ನಟಿಸಿದರು, ಆಫ್ರಿಕಾನ್ಸ್ ಭಾಷೆಯಲ್ಲೂ ಹಾಡಿದರು. ಶ್ರೀಲಂಕಾ, ನೈಜೀರಿಯಾ, ನಮ್ಮ ಕೇರಳ, ಈಶಾನ್ಯ ರಾಜ್ಯಗಳು, ಎಲ್ಲೆಲ್ಲಿ ಇಂಗ್ಲಿಷ್ ಮನೆಯ ಭಾಷೆಯಲ್ಲವೋ ಅಲ್ಲೆಲ್ಲ ಅವರ ಹಾಡು ಬೇರು ಬಿಟ್ಟಿದೆ. ನಮ್ಮ ಕಡೆಗೆ ಮೊದಲು ಹೊತ್ತು ತಂದದ್ದು ರೇಡಿಯೋ ಸಿಲೋನ್. ಆಮೇಲೆ ಕ್ಯಾಸೆಟ್ಟು.

ಮಂಗಳೂರಿನಲ್ಲಂತೂ ಡಿಸೆಂಬರ್ ಎಂದರೆ ರೀವ್ಸ್. ನಮ್ಮದು ಒಂದೇ ಕಂಪೌಂಡಿನೊಳಗೆ ನಾಲ್ಕು ಮನೆ. ಪಕ್ಕದ ಮನೆಯ ಬಾಯಮ್ಮ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ಮಾಡಲು ಕೂತರೆ ಟೇಪ್ ರೆಕಾರ್ಡರ್ ಕಿಟಕಿಯ ಮೇಲೆ ಬರುತ್ತಿತ್ತು. 1963ರ ಆ ಕ್ರಿಸ್‌ಮಸ್ ಆಲ್ಬಮ್. ಒಳಗೆ ಕೊಕ್ಕಿಸಾಂ ಅಚ್ಚು ಎಣ್ಣೆಗೆ ಇಳಿದಾಗ ಚೊಂಯ್ ಎನ್ನುವ ಸದ್ದು, ಹೊರಗೆ ಈ ದನಿ. ನಾವು ಮಕ್ಕಳು ಕಿಟಕಿ ಕೆಳಗೆ ಸುಮ್ನೆ ಕೂರುತ್ತಿದ್ದೆವು. ಹಾಡಿಗಾಗಿ ಅಂತ ಹೇಳಿದರೆ ಸುಳ್ಳಾಗುತ್ತದೆ, ಮುರಿದ ಕೊಕ್ಕಿಸಾಂ ನಮ್ಮ ಪಾಲಿಗೆ ಬರುತ್ತಿತ್ತು. ಟೇಪ್ ಎಳೆದು ಎಳೆದು ಸಡಿಲವಾಗಿ ರೀವ್ಸ್ ಇನ್ನೂ ನಿಧಾನವಾಗಿ ಹಾಡುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಗೊತ್ತಾಗುತ್ತಿತ್ತು. ಇವರು ಮೊದಲೇ ನಿಧಾನ, ಹಾಗಾಗಿ ನಡೆದುಹೋಯಿತು.

ಈಗ ಹಾಡುಗಾರರನ್ನು ನೆನಪಿಟ್ಟುಕೊಳ್ಳುವ ಇಲ್ಲಿಯ ಕ್ರಮಕ್ಕೆ ಬರುತ್ತೇನೆ. ಕಾರ್ತೇಜ್ ಎನ್ನುವ ಪುಟ್ಟ ಪಟ್ಟಣದ ಹೊರಗೆ, ಹೆದ್ದಾರಿಯ ಬದಿಯಲ್ಲಿ ರೀವ್ಸ್ ಸ್ಮಾರಕ. ಆಳೆತ್ತರದ ಪ್ರತಿಮೆ, ಸಮಾಧಿ, ಅಚ್ಚುಕಟ್ಟಾದ ಹುಲ್ಲು. ಅವರ ನಾಯಿಯನ್ನೂ ಅಲ್ಲೇ ಮಣ್ಣು ಮಾಡಿದ್ದಾರೆ. ಊರೊಳಗೆ ಟೆಕ್ಸಸ್ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಇದೆ. ಬಟ್ಟೆ, ಗಿಟಾರು, ಫೋಟೋ ಎಲ್ಲಾ ಗಾಜಿನೊಳಗೆ. ಅಮೆರಿಕದವರ ಈ ಗುಣ ನನಗೆ ಬಹಳ ಇಷ್ಟ. ಯಾವ ಹಾಡು ಯಾವ ದಿನ ರೆಕಾರ್ಡ್ ಆಯಿತು, ಡ್ರಮ್ಸ್ ಬಾರಿಸಿದ್ದು ಯಾರು, ಬಾಸ್ ಹಿಡಿದದ್ದು ಯಾರು, ಎಲ್ಲಾ ಬರೆದಿಟ್ಟಿರುತ್ತಾರೆ. ಆದರೆ ನಾನು ಕಾರಿನಲ್ಲಿ ಕೇಳುವ ಕ್ಲಾಸಿಕ್ ಕಂಟ್ರಿ ಸ್ಟೇಷನ್ನಿನಲ್ಲಿ ರೀವ್ಸ್ ಬರುವುದೇ ಅಪರೂಪ. ಒಮ್ಮೆ ಮ್ಯೂಸಿಯಮ್ಮಿಗೆ ಸೇರಿಸಿದ ಮೇಲೆ ಬಾಯಿಂದ ಬಿಟ್ಟುಬಿಡಬಹುದು ಎನ್ನುವಂತಿದೆ.

ನಮ್ಮದು ಇದಕ್ಕೆ ತದ್ವಿರುದ್ಧ. ಪಿ.ಬಿ. ಶ್ರೀನಿವಾಸ್ ಅವರನ್ನೇ ನೋಡಿ. ಕಾಕಿನಾಡದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಬದುಕಿ, ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ದನಿಯಾದವರು. 1974ರಲ್ಲಿ ರಾಜ್ ತಾವೇ ಕಾಯಂ ಆಗಿ ಹಾಡಲು ಶುರು ಮಾಡುವ ತನಕ ತೆರೆಯ ಮೇಲೆ ಅಣ್ಣಾವ್ರು ಬಾಯಿ ತೆರೆದರೆ ಕೇಳಿಸುತ್ತಿದ್ದದ್ದು ಹೆಚ್ಚಾಗಿ ಇವರದ್ದೇ ಮೃದುವಾದ ದನಿ. ರೀವ್ಸ್ ಹಾಡಿದ ಕಾಲದಲ್ಲೇ ಇವರೂ ಹಾಡಿದರು, ಅವರ ಹಾಗೆಯೇ ಮೈಕನ್ನು ನಂಬಿದರು. ರಂಗಭೂಮಿಯ ಏರುದನಿ ಇನ್ನೂ ಕಿವಿಯಲ್ಲಿದ್ದ ಕಾಲದಲ್ಲಿ ಕೆಳಗಿನ ಸ್ವರದಲ್ಲಿ ಮಾತಾಡಿದ ಹಾಗೆ ಹಾಡುವುದಕ್ಕೆ ಧೈರ್ಯ ಬೇಕು. ‘ಭಕ್ತ ಕನಕದಾಸ’ದ ಹಾಡುಗಳಲ್ಲಿ ದೇವರನ್ನು ಕೂಡ ಕೂಗಿ ಕರೆಯುವುದಿಲ್ಲ, ಪಕ್ಕದಲ್ಲಿದ್ದಾನೆ ಎನ್ನುವ ಹಾಗೆ ಕೇಳುತ್ತಾರೆ.

2013ರಲ್ಲಿ ಅವರು ತೀರಿಕೊಂಡರು. ಚೆನ್ನೈನ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಹೋಟೆಲಿನಲ್ಲಿ, ಜೇಬು ತುಂಬಾ ಬಣ್ಣ ಬಣ್ಣದ ಪೆನ್ನು ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಬರೆಯುತ್ತಾ ಕೂರುತ್ತಿದ್ದರಲ್ಲ, ಆ ಹೋಟೆಲ್ ಅವರಿಗಿಂತ ಮೊದಲೇ ಮುಚ್ಚಿಹೋಗಿತ್ತು. ಅವರ ಪೆನ್ನು, ಪುಸ್ತಕ ನೋಡಬೇಕು ಎಂದು ಕಾರು ಹತ್ತಿ ಹೋಗಲು ನನಗೆ ಒಂದು ಕಾರ್ತೇಜ್ ಇಲ್ಲ. ಆದರೆ ಹಾಡು? ಇಲ್ಲಿ ನಮ್ಮ ಕನ್ನಡ ಕೂಟದ ಯುಗಾದಿಯಾಗಲಿ ರಾಜ್ಯೋತ್ಸವವಾಗಲಿ, ಕರೋಕೆ ಹಚ್ಚಿಕೊಂಡು ಪಿಬಿಎಸ್ ಹಾಡುವವರು ಇಬ್ಬರಾದರೂ ಇರುತ್ತಾರೆ. ಇಲ್ಲೇ ಹುಟ್ಟಿದ ಹುಡುಗರೂ ಕಲಿಯುತ್ತಾರೆ. ಉಚ್ಚಾರಣೆ ಟೆಕ್ಸಸ್‌ನದ್ದು, ಇರಲಿ.

ಅಲ್ಲಿ ಒಂದೇ ತಕರಾರು. ನಮ್ಮವರು ಮೈಕನ್ನು ಒಂದು ಮೊಳ ದೂರ ಹಿಡಿಯುತ್ತಾರೆ. ಸೌಂಡ್ ಹುಡುಗ ಎಕೋ ಏರಿಸುತ್ತಾನೆ. ಪಿಬಿಎಸ್ ಮೆಲ್ಲಗೆ ಇಳಿದ ಜಾಗದಲ್ಲೆಲ್ಲ ಇವರು ಏರುತ್ತಾರೆ, ಚಪ್ಪಾಳೆ ಬೀಳುತ್ತದೆ. ಜೋರಾಗಿ ಹಾಡಿದವನೇ ಚೆನ್ನಾಗಿ ಹಾಡಿದವನು ಎಂಬ ಲೆಕ್ಕ ನಮ್ಮ ತಲೆಯಿಂದ ಹೋಗಿಲ್ಲ. ಕಡಿಮೆ ಮಾಡಿ ಎಂದು ಹೇಳಲು ಹೋಗಿ ಬೈಸಿಕೊಂಡಿದ್ದೇನೆ.

ಎರಡೂ ಕ್ರಮ ನೋಡಿದವನಾಗಿ ಒಂದನ್ನೇ ಆರಿಸು ಎಂದರೆ ನಾನು ನಮ್ಮದನ್ನೇ ಆರಿಸುತ್ತೇನೆ. ಪ್ರತಿಮೆ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಹಾಡು ಬರೆದವರು ಯಾರು, ನುಡಿಸಿದವರು ಯಾರು ಎಂದು ಬರೆದಿಡುವ ಬುದ್ಧಿಯನ್ನು ಇವರಿಂದ ಕಲಿಯಬೇಕು. ನಮ್ಮ ಹಳೇ ಹಾಡುಗಳಲ್ಲಿ ಕೊಳಲು ನುಡಿಸಿದವರ ಹೆಸರು ಹುಡುಕಿ ನೋಡಿ, ಗೊತ್ತಾಗುತ್ತದೆ ಕಷ್ಟ.

ರೀವ್ಸ್ ಸತ್ತದ್ದು 1964ರ ಜುಲೈ 31ರಂದು. ತಮ್ಮ ಸಣ್ಣ ವಿಮಾನವನ್ನು ತಾವೇ ಓಡಿಸಿಕೊಂಡು ಬರುತ್ತಿದ್ದರು. ಜೊತೆಗೆ ಪಿಯಾನೋ ವಾದಕ ಡೀನ್ ಮ್ಯಾನ್ಯುಯಲ್. ನ್ಯಾಶ್‌ವಿಲ್ ಹತ್ತಿರ ಗುಡುಗು ಮಳೆಗೆ ಸಿಕ್ಕಿ ಬಿದ್ದರು. ಹುಡುಕಿ ತೆಗೆಯಲು ಎರಡು ದಿನ ಹಿಡಿಯಿತು. ವಯಸ್ಸು ನಲವತ್ತು. ಆದರೆ ಹೊಸ ಹಾಡುಗಳು ಬರುವುದು ನಿಲ್ಲಲೇ ಇಲ್ಲ. ಬಿಡುಗಡೆಯಾಗದ ರೆಕಾರ್ಡಿಂಗುಗಳು ಸಾಕಷ್ಟಿದ್ದವು. ಹೆಂಡತಿ ಮೇರಿ ಮತ್ತು ಕಂಪನಿಯವರು ಅವಕ್ಕೆ ಹೊಸ ವಾದ್ಯ ಸೇರಿಸಿ ವರ್ಷ ವರ್ಷ ಹೊರತಂದರು. ‘ಡಿಸ್ಟಂಟ್ ಡ್ರಮ್ಸ್’ ಹಾಗೆ ಬಂದದ್ದು. ಮೂಲದಲ್ಲಿ ಅದೊಂದು ಡೆಮೊ, ಅಂದರೆ ಮಾದರಿಗೆಂದು ಹಾಡಿಟ್ಟದ್ದು. ಮೇಲೆ ಆರ್ಕೆಸ್ಟ್ರಾ ಕೂರಿಸಿದರು. 1966ರಲ್ಲಿ, ಬೀಟಲ್ಸ್ ಗುಂಗಿನಲ್ಲಿದ್ದ ಇಂಗ್ಲೆಂಡಿನಲ್ಲಿ ಅದು ಐದು ವಾರ ನಂಬರ್ ಒನ್. ಹಾಡಿದವರು ಸತ್ತು ಎರಡು ವರ್ಷವಾಗಿತ್ತು!

1981ರಲ್ಲಿ ಇನ್ನೂ ಮುಂದೆ ಹೋದರು. ಪ್ಯಾಟ್ಸಿ ಕ್ಲೈನ್ ಕೂಡ ವಿಮಾನ ಅಪಘಾತದಲ್ಲೇ 1963ರಲ್ಲಿ ತೀರಿಕೊಂಡವರು. ಅವರ ಹಾಡು, ಇವರ ಹಾಡು ಎರಡನ್ನೂ ಸ್ಟುಡಿಯೋದಲ್ಲಿ ಹೊಲಿದು ಯುಗಳಗೀತೆ ಮಾಡಿದರು. ಕೇಳಲು ಚೆನ್ನಾಗಿಯೇ ಇದೆ. ಆದರೂ ನನಗೆ ಕಸಿವಿಸಿ. ಇಬ್ಬರೂ ಜೊತೆಗೆ ನಿಂತು ಹಾಡದ ಹಾಡು ಅದು. ಒಬ್ಬರು ಉಸಿರು ಎಳೆದಾಗ ಇನ್ನೊಬ್ಬರು ಕಾಯುವುದಿರುತ್ತದಲ್ಲ, ಅದು ಅಲ್ಲಿಲ್ಲ.

ಈಗ ನಮ್ಮಲ್ಲೂ ಇದೇ ಜಗಳ ಶುರುವಾಗಿದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಎಐ ಮೂಲಕ ಬಳಸಿಕೊಂಡರೆಂದು ಅವರ ಮನೆಯವರು 2024ರಲ್ಲಿ ಒಂದು ತೆಲುಗು ಸಿನಿಮಾದವರಿಗೆ ನೋಟಿಸ್ ಕಳಿಸಿದರು. ನಾಳೆ ಪಿಬಿಎಸ್ ದನಿಯಲ್ಲಿ ಹೊಸ ಹಾಡು ಬರಬಹುದು, ರೀವ್ಸ್ ದನಿಯಲ್ಲಿ ಕನ್ನಡ ಹಾಡು ಬಂದರೂ ಬರಬಹುದು. ನನ್ನ ಗೆರೆ ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಹಿಂದಿನ ವಾದ್ಯ ಬದಲಿಸಿ, ಮನೆಯವರು ಒಪ್ಪಿದ್ದರೆ ಸರಿ. ‘ಡಿಸ್ಟಂಟ್ ಡ್ರಮ್ಸ್’ ನನಗೆ ಓಕೆ. ಅಲ್ಲಿನ ಒಂದೊಂದು ಅಕ್ಷರವನ್ನೂ ರೀವ್ಸ್ ತಾವೇ ಬಾಯಿ ಬಿಟ್ಟು ಹೇಳಿದ್ದಾರೆ. ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಹೇಳಿಸುವುದು ಬೇಡ, ಮನೆಯವರು ಒಪ್ಪಿದರೂ ಬೇಡ. ಐರ್ಲೆಂಡಿನಲ್ಲಿ ಪಿಯಾನೋ ಶ್ರುತಿ ಸರಿಯಿಲ್ಲ ಎಂದು ರೇಗಾಡಿದ ಮನುಷ್ಯ ಅವರು. ಅಂಥವರನ್ನು ಕೇಳದೆ ಹಾಡಿಸುವುದೆಂದರೆ ಏನರ್ಥ?

ಹೊಸದಾಗಿ ಕೇಳುವವರಿಗೆ ಒಂದು ಮಾತು. ಆ್ಯಪಿನಲ್ಲಿ ಹುಡುಕಿದರೆ ಒಂದೇ ಹಾಡು ಹತ್ತು ರೂಪದಲ್ಲಿ ಸಿಗುತ್ತದೆ. ಅರ್ಧಕ್ಕರ್ಧ ಆಮೇಲೆ ವಯೊಲಿನ್ ಸುರಿದವು. 1957ರ ‘ಫೋರ್ ವಾಲ್ಸ್’, 1959ರ ‘ಹೀಲ್ ಹ್ಯಾವ್ ಟು ಗೋ’ ಮೂಲದವನ್ನೇ ಹುಡುಕಿ ಹಾಕಿ. ಫೋನಿನ ಸ್ಪೀಕರಿನಲ್ಲಿ ಬೇಡ, ಕೆಳಗಿನ ಸ್ವರ ಅದರಲ್ಲಿ ಕೇಳಿಸುವುದೇ ಇಲ್ಲ. ವಾಲ್ಯೂಮ್ ಜಾಸ್ತಿ ಮಾಡಬೇಡಿ.